ಬಾಡಿಗೆ ಸೀಟು ಮತ್ತು ಗುಂಡಕಲ್ಲು

ಬಾಡಿಗೆ ಗಾಡಿ ಓಡಿಸುವವನು ಕಥೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವೇ ಬಂದು, ಹಿಂದಿನ ಬಾಗಿಲು ತೆಗೆದು ಕೂತು, "ನಡೀರಿ" ಅನ್ನುತ್ತವೆ. ನನ್ನ ಗಾಡಿಗೆ ಕೂಸಿನ ಸೀಟು ಬಂದ ಮೇಲಂತೂ ವಾರಕ್ಕೊಂದು ತಪ್ಪುತ್ತಿರಲಿಲ್ಲ.

ಗುಂಡಿ ಒತ್ತುವ ಮೊಬೈಲು ಹೋಗಿ ಬೆರಳಲ್ಲಿ ಸವರುವ ಮೊಬೈಲು ಬರುತ್ತಿದ್ದ ಕಾಲದ ಮಾತು. ನನ್ನ ಮನೆ ಕಬ್ಬೂರಿನಲ್ಲಿ, ಗಾಡಿ ನಿಲ್ಲುತ್ತಿದ್ದದ್ದು ಚಿಕ್ಕೋಡಿ ಸ್ಟ್ಯಾಂಡಿನಲ್ಲಿ. ಅರ್ಧ ಬಾಡಿಗೆ ಆಸ್ಪತ್ರೆಯದೇ. ಒಂದು ಮಧ್ಯಾಹ್ನ ಒಬ್ಬ ಬಾಣಂತಿಯನ್ನು ಅಥಣಿ ಕಡೆ ಬಿಡಲು ಹೊರಟಾಗ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು. ಬ್ರೇಕ್ ಹಾಕಿದೆ. ಮುಂದೆ ಕೂತಿದ್ದ ಅಜ್ಜಿಯ ತೊಡೆಯಿಂದ ಕೂಸು ಜಾರಿತು, ಪುಣ್ಯಕ್ಕೆ ಅವಳ ಸೆರಗಿನಲ್ಲಿ ಸಿಕ್ಕಿಕೊಂಡು ನಿಂತಿತು. ಏನೂ ಆಗಲಿಲ್ಲ. ಅತ್ತು ಸುಮ್ಮನಾಯಿತು. ನನಗೆ ಮಾತ್ರ ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಕೊಲ್ಲಾಪುರಕ್ಕೆ ಹೋಗಿ, ಮಕ್ಕಳ ಸಾಮಾನಿನ ಅಂಗಡಿಯಲ್ಲಿ ಒಂದು ಸೀಟು ಕೊಂಡು ತಂದೆ.

ದಾರಿ ನೋಡುವ ಕೂಸು

ಸೀಟು ಮಾರಿದ ಅಂಗಡಿಯವನು ಅದನ್ನು ಯಾವ ಗಾಡಿಗೂ ಕಟ್ಟಿದವನಲ್ಲ. "ಗಾಡೀತ ಠೇವಾ, ಪಟ್ಟಾ ಲಾವಾ, ಝಾಲಂ!" ಎಂದು ಮರಾಠಿಯಲ್ಲಿ ಮುಗಿಸಿಬಿಟ್ಟ. ಗಾಡಿಯಲ್ಲಿ ಇಡಿ, ಬೆಲ್ಟು ಹಾಕಿ, ಮುಗೀತು.

ಮುಗಿಯಲಿಲ್ಲ. ಹಿಂದಿನ ಸೀಟಿನ ಬೆಲ್ಟೇ ನನಗೆ ಸಿಗಲಿಲ್ಲ. ಗಾಡಿ ಕೊಂಡ ವಾರವೇ ರೆಕ್ಸಿನ್ ಕವರು ಹೊಲಿಸಿದ್ದೆ, ಬೆಲ್ಟಿನ ಲಾಕು ಅದರ ಕೆಳಗೆ ಹೂತು ಹೋಗಿತ್ತು. ಕವರು ಕಿತ್ತರೆ ಮೊದಲು ಸಿಕ್ಕಿದ್ದು ಶೇಂಗಾ ಸಿಪ್ಪೆ, ಆಮೇಲೆ ಯಾರದೋ ಬೆಂಡೋಲೆ, ಕೊನೆಗೆ ಬೆಲ್ಟು.

ಬೆವರು ಸುರಿಸಿ ಸೀಟು ಕಟ್ಟಿದೆ. ಹೆಮ್ಮೆಯಿಂದ ನಿಂತಿದ್ದಾಗ ಸ್ಟ್ಯಾಂಡಿಗೆ ದಿನಾ ಬರುತ್ತಿದ್ದ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರು ಸೀಟಿನ ಡಬ್ಬಿಯೊಳಗಿದ್ದ ಪುಸ್ತಕ ಓದಿ ತಲೆ ಅಲ್ಲಾಡಿಸಿದರು.

"ಉಲ್ಟಾ ಕಟ್ಟೀರಿ. ಹಸಗೂಸಿಂದು ಮಾರಿ ಗಾಡಿ ಹಿಂದಕ್ಕ ಇರಬೇಕು. ಬ್ರೇಕ್ ಹಾಕಿದಾಗ ಕುತಗಿಗಿ ಪೆಟ್ಟ ಬೀಳಬಾರದು ಅಂತ ಬರದಾರ."

ನನಗೆ ಸಮಾಧಾನವಾಗಲಿಲ್ಲ. "ಹಿಂದಕ್ಕ ಮಾರಿ ಮಾಡಿ ಕೂತ್ರ ಅದಕ್ಕ ದಾರಿ ಹೆಂಗ ಕಾಣಬೇಕ್ರಿ?"

ಮಾಸ್ತರು ಪುಸ್ತಕ ಮಡಚಿ ನನ್ನ ಕೈಗಿಟ್ಟರು. "ಯಾಕ, ನಿಮಗ ದಾರಿ ಅದು ತೋರಸಬೇಕೇನು?"

ಐದು ಪದರಿನ ಕೂಸು

ಸೀಟನ್ನು ಗಾಡಿಯ ಜೊತೆಗೂ ಕೊಡುತ್ತಿದ್ದೆ. ಸ್ವಂತ ಗಾಡಿ ಇದ್ದವರಿಗೆ ಸೀಟೊಂದನ್ನೇ ಬಾಡಿಗೆಗೂ ಕೊಡುತ್ತಿದ್ದೆ. ಆದರೆ ಕಟ್ಟುವವನು ನಾನೇ. ಮಾಸ್ತರು ಓದಿ ಹೇಳಿದ್ದೆಲ್ಲ ನನಗೆ ಬಾಯಿಪಾಠವಾಗಿತ್ತು. ಸೀಟು ಹಿಡಿದು ಜಗ್ಗಿದರೆ ಅಲ್ಲಾಡಬಾರದು. ಭುಜದ ಪಟ್ಟಿಯ ಕೆಳಗೆ ಒಂದು ಬೆರಳು ಹೋಗಬೇಕು, ಎರಡು ಹೋಗಬಾರದು. ಪಟ್ಟಿಗೂ ಮೈಗೂ ನಡುವೆ ದಪ್ಪ ಬಟ್ಟೆ ಇರಬಾರದು.

ಈ ಕೊನೆಯ ಮಾತಿಗೇ ರಾಯಬಾಗದ ಒಂದು ಮನೆಯವರ ಜೊತೆ ಜಗಳ ಬಿತ್ತು. ಕೂಸನ್ನು ತಂದ ಅಜ್ಜಿಯ ಕೈಯಲ್ಲಿ ಒಂದು ಸಣ್ಣ ಹಾಸಿಗೆ ಸುರುಳಿಯೇ ಇತ್ತು. ಪಟ್ಟಿಯ ಲಾಕು ಕೂಡಲೇ ಇಲ್ಲ.

"ಅರಿವಿ ತಗೀರಿ ಯಮ್ಮಾ. ಪಟ್ಟಿ ಹಾಕಿದ ಮ್ಯಾಲೆ ಬೇಕಾದ್ರ ಹೊಚ್ಚರಿ."

"ಬ್ಯಾಸಗಿ ಆದ್ರೇನು, ಕೂಸಿಗಿ ಗಾಳಿ ಬಡೀತೈತಿ!"

"ಗಾಳಿಗಿ ಕಿಡಕಿ ಕಾಜ ಏರಸ್ತೀನ್ರಿ. ತಗೀರಿ."

ಗೊಣಗುತ್ತ ಬಿಚ್ಚತೊಡಗಿದಳು. ಮೊದಲು ಶಾಲು, ಅದರೊಳಗೆ ದುಪ್ಪಟಿ, ಅದರೊಳಗೆ ಕುಂಚಿಗೆ, ಅದರೊಳಗೆ ಹಳೆ ಸೀರೆಯ ತುಂಡು. ಉಳ್ಳಾಗಡ್ಡಿ ಸುಲಿದ ಹಾಗೆ ಸುಲಿಯುತ್ತಿದ್ದಾಗ ನಾಲ್ಕನೆಯ ಪದರಿನಿಂದ ಟಪ್ಪೆಂದು ಏನೋ ಬಿತ್ತು. ನೋಡಿದರೆ ಚಾಳೀಸು. ಕೂಸಿನ ಅಜ್ಜ ಅದನ್ನು ಮುಂಜಾನೆಯಿಂದ ಆಸ್ಪತ್ರೆಯ ಮಂಚದ ಕೆಳಗೆಲ್ಲ ಹುಡುಕಿ, ನರ್ಸಮ್ಮನ ಮೇಲೂ ಸಂಶಯಪಟ್ಟು ಬಂದಿದ್ದ.

ಐದನೆಯ ಪದರು ತೆಗೆದ ಮೇಲೆ ಕೊನೆಗೆ ಕೂಸು ಸಿಕ್ಕಿತು. ಲಾಕು ಕೂಡಿತು. ಅಜ್ಜ ಚಾಳೀಸು ಒರೆಸಿ ಹಾಕಿಕೊಂಡು ಸೀಟಿನೊಳಗೆ ಬಗ್ಗಿ ನೋಡಿದ.

"ಇಷ್ಟ ಏನಬೇ ಇದು?" ಎಂದು ಹೆಂಡತಿಯ ಕಡೆ ತಿರುಗಿದ. "ಎಂಥಾ ಪೈಲವಾನ ಮೊಮ್ಮಗ ಹುಟ್ಯಾನ ಅಂತ ಊರಿಗೆಲ್ಲ ಫೋನ್ ಹಚ್ಚೀನಿ ನಾ!"

ಕಾಗವಾಡದ ದ್ರಾಕ್ಷಿ

ಕಾಗವಾಡದ ಒಬ್ಬ ದ್ರಾಕ್ಷಿ ತೋಟದವರು ಎರಡು ದಿನಕ್ಕೆ ಸೀಟು ಒಯ್ದರು. ಅವರ ಜೀಪಿಗೆ ನಾನೇ ಹೋಗಿ ಕಟ್ಟಿ ಬಂದಿದ್ದೆ. ಮರುದಿನ ಆ ಕಡೆ ಬಾಡಿಗೆ ಇತ್ತು, ಅವರ ಜೀಪು ಎದುರಿಗೆ ಬಂತು. ಕೈ ಮಾಡಿ ನಿಲ್ಲಿಸಿ ಒಳಗೆ ಇಣುಕಿದೆ. ಸೀಟಿನಲ್ಲಿ ದ್ರಾಕ್ಷಿಯ ಪೆಟ್ಟಿಗೆ ಕೂತಿತ್ತು. ಎರಡೂ ಭುಜಕ್ಕೆ ಪಟ್ಟಿ, ನಡುವೆ ಲಾಕು, ಎಲ್ಲ ನಾನು ಕಲಿಸಿಕೊಟ್ಟ ಹಾಗೆಯೇ. ಪಕ್ಕದಲ್ಲಿ ಬಾಣಂತಿ, ಅವಳ ತೊಡೆಯ ಮೇಲೆ ಕೂಸು. ಮುಂದೆ ಜೀಪು ಓಡಿಸುತ್ತಿದ್ದ ತೋಟದವರ ಜೊತೆ ಅವರ ಮಗ.

ನನಗೆ ಸಿಟ್ಟು ನೆತ್ತಿಗೇರಿತು. "ಏನ್ರಿ ಸಾವಕಾರ್ರ, ಇದು?"

"ಮಿರಜಕ್ಕ ಸ್ಯಾಂಪಲ್ ಒಯ್ಯಾಕತ್ತೀವ್ರಿ. ಹಣ್ಣಿಗಿ ಪೆಟ್ಟ ಬಿದ್ರ ವ್ಯಾಪಾರಿ ಮುಟ್ಟಿ ಸೈತ ನೋಡೂದಿಲ್ಲ. ನಿಮ್ಮ ಸೀಟು ಭಾಳ ಚಲೋ ಐತ್ರಿ, ಒಂದು ಹಣ್ಣ ಉದುರಿಲ್ಲ!"

"ಮತ್ತ ಕೂಸಿಗಿ ಪೆಟ್ಟ ಬಿದ್ರ?"

ಅವರು ಕೆಳಗಿಳಿದು ತಾವೇ ಪೆಟ್ಟಿಗೆ ಬಿಚ್ಚಿ, ಕೂಸನ್ನು ಕೂರಿಸಿ, ಬೆರಳು ಹಾಕಿ ಪಟ್ಟಿ ನೋಡಿದರು. ಪೆಟ್ಟಿಗೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಸ್ಟಿಯರಿಂಗ್ ಮಗನ ಕೈಗೆ ಕೊಟ್ಟರು. ಒಳ್ಳೆಯವರು, ಪಾಪ.

ಎರಡು ವರ್ಷದ ಮೇಲೆ ಅವರದೇ ಫೋನು. "ಸೊಸಿಗಿ ಮತ್ತ ದಿನಾ ತುಂಬ್ಯಾವು. ಈ ಸಲ ಎರಡು ಸೀಟು ಬೇಕಾಗ್ಯಾವ ನೋಡ್ರಿ."

"ಅರೇ, ಅವಳಿ ಜವಳಿ ಏನ್ರಿ?"

"ಇಲ್ರಿ. ಒಂದು ದ್ರಾಕ್ಷಿಗಿ."

ನನ್ನ ಮನೆಯ ಸರದಿ

ಮದುವೆಯಾಗಿ ಏಳು ವರ್ಷಕ್ಕೆ ನಮಗೆ ಮಗಳು ಹುಟ್ಟಿದಳು. ದಿನ ತುಂಬುವ ಮೊದಲೇ ಹುಟ್ಟಿ, ಚಿಕ್ಕೋಡಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಹತ್ತು ದಿನ ಇದ್ದಳು. ಎರಡು ಕಿಲೋ ಮೇಲೆ ಸ್ವಲ್ಪ. ಮನೆಗೆ ಒಯ್ಯಬಹುದು ಎಂದ ದಿನ ಡಾಕ್ಟರು ನನ್ನನ್ನು ಕರೆದು, "ಕತ್ತು ಇನ್ನೂ ಭಾಳ ಸೂಕ್ಷ್ಮ ಐತಿ, ಜ್ವಾಕಿ" ಅಂದರು. ಐದು ತಾಲೂಕಿನ ಕೂಸುಗಳನ್ನು ಸಾಗಿಸಿದ ಸೀಟಿನಲ್ಲೇ ಮಗಳನ್ನೂ ತರುವುದೆಂದು ನಿಶ್ಚಯ ಮಾಡಿದೆ.

ಆದರೆ ಅವ್ವ ಒಪ್ಪಬೇಕಲ್ಲ!

"ನಿಮ್ಮನ್ನ ನಾಕು ಮಂದೀನ್ನ ಚಕ್ಕಡ್ಯಾಗ ಇದ ತೊಡಿ ಮ್ಯಾಲೆ ತಂದೀನಿ. ಯಾರರ ಬಿದ್ದೀರೇನು?"

"ಅಣ್ಣ ಬಿದ್ದಿದ್ದನಂತಲ್ಲಬೇ."

"ಅಂವ ಒಬ್ಬಾವ."

ಊರಿಗೆಲ್ಲ ಬುದ್ಧಿ ಹೇಳಿ ನನ್ನ ಮಗಳನ್ನೇ ತೊಡೆಯ ಮೇಲೆ ತಂದರೆ, ಹೇಳೋದು ಪುರಾಣ ತಿನ್ನೋದು ಬದನೆಕಾಯಿ ಅಂತ ಸ್ಟ್ಯಾಂಡಿನಲ್ಲಿ ನಗುತ್ತಿದ್ದರು. ನಗಲಿ ಬಿಡಿ. ನನಗೆ ಆ ಅಥಣಿ ದಾರಿಯ ಸೆರಗು ಕಣ್ಣ ಮುಂದೆ ಬರುತ್ತಿತ್ತು. ಕಾಲು ಹಿಡಿದೆ. ಕೊನೆಗೆ ಅವ್ವ ಅರ್ಧ ಇಳಿದಳು.

"ಖಾಲಿ ತೊಟ್ಟಿಲ ಒಯ್ಯಬಾರದು. ಮೊದಲ ಗುಂಡಕಲ್ಲ ಕುಂಡರಲಿ. ಆಮ್ಯಾಲ ಕೂಸಿಂದು ನೋಡೂಣು."

ನಮ್ಮಲ್ಲಿ ಹೆಸರಿಡುವ ದಿನ ಕೂಸಿಗಿಂತ ಮೊದಲು ಚಟ್ನಿ ಅರೆಯುವ ಗುಂಡಕಲ್ಲಿಗೆ ಅಂಗಿ ಕುಲಾಯಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಅಂತ. ಅವ್ವನಿಗೆ ನನ್ನ ಸೀಟೂ ತೊಟ್ಟಿಲೇ. ಸರಿ, ಕಲ್ಲಿಗೆ ಉಣ್ಣೆಯ ಕುಲಾಯಿ ಹಾಕಿ, ಕುಂಚಿಗೆ ಕಟ್ಟಿ, ಸೀಟಿನಲ್ಲಿ ಕೂರಿಸಿ ನಾನೇ ಪಟ್ಟಿ ಬಿಗಿದೆ. ಪಕ್ಕದಲ್ಲಿ ಅವ್ವನಿಗೂ ಬೆಲ್ಟು ಹಾಕಿದೆ. ಬಾಣಂತಿಗೆಂದು ಮಾಡಿದ ಅಂಟಿನುಂಡೆಯ ಡಬ್ಬಿ ಅವಳ ತೊಡೆಯ ಮೇಲಿತ್ತು. "ನೋಡು, ಹಿಂಗ ಹಿಡಕೋತೀನಿ ಕೂಸಿನ್ನ" ಎಂದು ಎರಡೂ ಕೈಯಲ್ಲಿ ತಬ್ಬಿ ತೋರಿಸಿದಳು.

ಊರು ದಾಟಿದ್ದೆವಷ್ಟೆ. ಹೊಲದ ದಾರಿಯಿಂದ ಕಬ್ಬು ತುಂಬಿದ ಟ್ರ್ಯಾಕ್ಟರು ಮೂಗು ಹೊರಗಿಟ್ಟಿತು. ನಾನೇನೂ ಜೋರಾಗಿ ಹೋಗುತ್ತಿರಲಿಲ್ಲ, ಆದರೂ ಬ್ರೇಕ್ ಒತ್ತಿಯೇ ಹಾಕಬೇಕಾಯಿತು. ಡಬ್ಬಿ ಅವ್ವನ ಕೈ ಬಿಟ್ಟು ಹಾರಿ, ನನ್ನ ಕಿವಿ ಸವರಿ, ಮುಂದಿನ ಗಾಜಿಗೆ ಬಡಿಯಿತು. ಗಾಡಿ ತುಂಬ ಉಂಡೆ.

ತಿರುಗಿ ನೋಡಿದೆ. ಗುಂಡಕಲ್ಲು ಇದ್ದಲ್ಲೇ ಇತ್ತು. ಕುಲಾಯಿ ಕೂಡ ಸರಿದಿರಲಿಲ್ಲ. ಅವ್ವ ತನ್ನ ಖಾಲಿ ಕೈಗಳನ್ನು ನೋಡುತ್ತ ಕೂತಿದ್ದಳು.

"ಎರಡೂ ಕೈಲೆ ಹಿಡದಿದ್ನೆಲ್ಲೋ," ಅಂದಳು.

ಆಸ್ಪತ್ರೆಯಲ್ಲಿ ಮಗಳನ್ನು ಸೀಟಿನಲ್ಲಿ ಕೂರಿಸಿದಾಗ ಅವ್ವನೇ ಬಗ್ಗಿ ಪಟ್ಟಿಯ ಕೆಳಗೆ ಬೆರಳು ಹಾಕಿದಳು. "ಎರಡು ಬಟ್ಟ ಹೋಗಾಕತ್ತಾವು! ಬಿಗಿ ಮಾಡು. ಮಂದಿ ಮಕ್ಕಳಿಗೆ ಹಿಂಗ ಕಟ್ಟತಿದ್ದೇನು?" ಎಂದು ನನ್ನನ್ನೇ ಬೈದಳು. ಬೈಗುಳ ಇಷ್ಟು ಸಿಹಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಉಳಿದದ್ದು ಗುಂಡಕಲ್ಲು. ಅಂಗಿ ಕುಲಾಯಿ ತೊಟ್ಟದ್ದನ್ನು ಡಿಕ್ಕಿಗೆ ಎಸೆಯಲಾದೀತೇ? ತನ್ನ ತೊಡೆ ಹೇಗೂ ಖಾಲಿ ಇದೆ ಎಂದು ಅವ್ವ ಅದನ್ನೇ ಇಟ್ಟುಕೊಂಡಳು. ಅದು ಹಾರೀತೆಂದು ಸೆರಗಿನಿಂದ ಹೊಟ್ಟೆಗೆ ಕಟ್ಟಿಕೊಂಡು, ಅದರ ಮೇಲೊಂದು ಬೆಲ್ಟು ಹಾಕಿಸಿಕೊಂಡಳು. ನಾನು ಕಬ್ಬೂರಿನ ತನಕ ಎತ್ತಿನ ಗಾಡಿಗಿಂತ ಸಾವಕಾಶ ಹೋದೆ.

ಮನೆ ಮುಂದೆ ಓಣಿಯ ಹೆಂಗಸರೆಲ್ಲ ಆರತಿ ಹಿಡಿದು ನಿಂತಿದ್ದರು. ಅವ್ವ ಮೊದಲು ಇಳಿದಳು, ಎದೆಗೆ ಕುಂಚಿಗೆ ಅವಚಿಕೊಂಡು. ಅವರು ಕಾಯುವರೇ? ಆರತಿ ಎತ್ತಿದರು, ಹಾಡು ಹಾಡಿದರು. ನಾನು ಬಾಯಿ ತೆರೆದರೆ ಅವ್ವ ಕಣ್ಣಿನಲ್ಲೇ ಗದರಿಸಿ, ಹತ್ತಿರ ಬಂದು ಪಿಸುಗುಟ್ಟಿದಳು: "ಸುಮ್ಮನಿರು. ಮಂದಿ ಕಣ್ಣಿಗಿ ಕಲ್ಲೂ ಸೀಳತೈತಿ ಅಂತಾರ. ಬೀಳೂ ದೃಷ್ಟಿ ಎಲ್ಲಾ ಕಲ್ಲಿಗೆ ಬೀಳಲಿ."

ಪಕ್ಕದ ಮನೆಯ ಮುದುಕಿ, ನನ್ನನ್ನು ಹುಟ್ಟಿದಾಗಿನಿಂದ ಕಂಡವಳು, ಕುಲಾಯಿಯ ಕೆಳಗೆ ಕಣ್ಣು ಕಿರಿದು ಮಾಡಿ ನೋಡಿ ನೆಟಿಗೆ ಮುರಿದಳು. "ಎವ್ವಾ, ಮಾರಿ ಥೇಟ್ ಅಪ್ಪಂದ! ಅದ ಬಣ್ಣ, ಅದ ಗುಂಡ ತಲಿ!"

ಅಷ್ಟರಲ್ಲಿ ಹೆಂಡತಿ ಪಟ್ಟಿ ಬಿಚ್ಚಿ ಮಗಳನ್ನು ಎತ್ತಿಕೊಂಡು ಇಳಿದಳು. ಹಾಡು ನಿಂತಿತು. ಮುದುಕಿ ಕೂಸನ್ನು ನೋಡಿದಳು, ಅವ್ವನ ಕೈಯಲ್ಲಿದ್ದ ಕಲ್ಲನ್ನು ಮುಟ್ಟಿ ನೋಡಿದಳು, ಕೊನೆಗೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಕೂಸು ತನ್ನವ್ವನಂಗ ಐತಿ, ದೇವರು ದೊಡ್ಡಾವ," ಅಂದಳು. "ಆದ್ರ ಅಪ್ಪನ ಹೋಲಿಕಿ ಮಾತ್ರ ಈ ಕಲ್ಲಿನಾಗ ಜಾಸ್ತಿ ಐತಿ ಬಿಡು."