ಮೌನ ಬೋಗಿಯಲ್ಲಿ ಮದುಮಗ

ಫಿನ್ಲೆಂಡಿನ ಉತ್ತರ ಭಾಗದಲ್ಲಿ ಓಡುವ ಲೆಪ್ಪಸಾರಿ ರೈಲು ಸಂಸ್ಥೆಯು ತನ್ನ ಪ್ರತಿ ರೈಲಿನ ನಾಲ್ಕನೇ ಬೋಗಿಯನ್ನು ಮೌನ ಬೋಗಿಯೆಂದು ಘೋಷಿಸಿದೆ. ಆ ಬೋಗಿಯಲ್ಲಿ ಇಂದಿನವರೆಗೆ ಯಾರೂ ಒಂದು ಮಾತೂ ಆಡಿಲ್ಲ. ಸಂಸ್ಥೆಯ ಪ್ರಯಾಣಿಕ ಶಾಂತಿ ವಿಭಾಗದ ಮುಖ್ಯಸ್ಥನಾದ ನಾನು ಇದನ್ನು ಎದೆ ತಟ್ಟಿಕೊಂಡು ಹೇಳಬಲ್ಲೆ, ಯಾಕೆಂದರೆ ಆ ಮೌನಕ್ಕಾಗಿ ನನ್ನ ಅರ್ಧ ಆಯುಸ್ಸು ಸವೆಸಿದ್ದೇನೆ. ಓಸ್ಮೊ ಎಂಬ ಮದುಮಗನ ವಿಚಾರದಲ್ಲಿ ಪತ್ರಿಕೆಯವರು ಏನೇನೋ ಬರೆದರು. ಬರೆದುಕೊಳ್ಳಲಿ, ಅವರ ಹೊಟ್ಟೆಪಾಡು. ನಡೆದದ್ದೇನು ಎಂಬುದನ್ನು ನಾನು ಹೇಳುತ್ತೇನೆ.

ಮೊದಮೊದಲು ಆ ಬೋಗಿಯಲ್ಲಿ ನಿಷೇಧವಿದ್ದದ್ದು ಫೋನಿಗೆ ಮಾತ್ರ. ಮಾತಾಡದೆ ಇರಲಾರದವರಿಗೆಂದು ಬೋಗಿಯ ಒಂದು ತುದಿಯಲ್ಲಿ ಗಾಜಿನ ಬಾಗಿಲಿನ ಗೂಡೊಂದನ್ನು ಇಟ್ಟಿದ್ದೇವೆ. ಒಬ್ಬರು ನಿಲ್ಲುವಷ್ಟು ಜಾಗ, ಒಳಗೆ ಎಷ್ಟು ಅರಚಿದರೂ ಹೊರಗೆ ಕೇಳದು. ಆಮೇಲೆ ದೂರುಗಳು ಬಂದವು. ಹೆಣಿಗೆ ಕಡ್ಡಿ ಟಿಕ್ ಟಿಕ್ ಎನ್ನುತ್ತದೆ ಎಂದು ಒಬ್ಬರು ಹೇಳಿದರು, ಹೆಣಿಗೆಯನ್ನು ನಿಷೇಧಿಸಿದೆವು. ಪಕ್ಕದವರು ಒಣರೊಟ್ಟಿಯನ್ನು ಕಟಕಟ ಕಡಿಯುತ್ತಾರೆ ಎಂದು ಇನ್ನೊಬ್ಬರು ಹೇಳಿದರು, ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿಯೇ ತಿನ್ನತಕ್ಕದ್ದು ಎಂಬ ನಿಯಮ ಬಂತು. ಅದರ ಬೆನ್ನಿಗೇ ಕಾಫಿಯನ್ನು ಸೊರ್ ಎಂದು ಹೀರುವುದನ್ನು ಕುರಿತ ಉಪನಿಯಮವೂ ಬಂತು. ಪಿಸುಮಾತೂ ಮಾತೇ ಎಂದು ಆಡಳಿತ ಮಂಡಳಿ ಸರ್ವಾನುಮತದಿಂದ ತೀರ್ಮಾನಿಸಿತು. ಕಂಡಕ್ಟರ್ ತೈಸ್ತೊನ ಬೂಟು ಬಿಚ್ಚಿಸಿ ಉಣ್ಣೆಯ ಚಪ್ಪಲಿ ಹಾಕಿಸಿದೆವು. ಪಾಪ, ಅವನೂ ತುಟಿಪಿಟಕ್ಕೆನ್ನಲಿಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ದಿನ ಲೆಂಪಿಯಮ್ಮ ನನ್ನ ಕಚೇರಿಗೆ ಬಂದರು. ನಮ್ಮ ಊರಿನ ಗ್ರಂಥಾಲಯವನ್ನು ಒಂದು ಕಾಲದಲ್ಲಿ ಬರೀ ಕಣ್ಣಿನಿಂದಲೇ ಆಳಿದ ಹೆಂಗಸು. ಈಗ ನಿವೃತ್ತಿಯಾಗಿದ್ದಾರೆ, ಕಣ್ಣು ಮಾತ್ರ ಇನ್ನೂ ಆಗಿಲ್ಲ.

"ಕಾಲೆರ್ವೊ, ಆ ಬೋಗೀಲಿ ಒಬ್ಬ ಮಾತ್ರ ಬಾಯಿ ಮುಚ್ಚೋದೇ ಇಲ್ಲ ಕಣಪ್ಪ" ಎಂದರು.

"ಯಾರಮ್ಮ ಅದು? ಗುರುತು ಹೇಳಿ, ಇವತ್ತೇ ಇಳಿಸ್ತೀನಿ."

"ಚಾವಣೀಲಿದಾನೆ. ಮುಂದಿನ ನಿಲ್ದಾಣ ಇದು, ಬಾಗಿಲು ಎಡಗಡೆ ತೆಗೆಯುತ್ತೆ, ಅಂತ ಒಂದೇ ಸಮ ಒದರ್ತಾನೆ. ನಾನು ಎಲ್ಲಿ ಇಳೀಬೇಕು ಅಂತ ನನಗೆ ಗೊತ್ತಿಲ್ವಾ?"

ನನಗೆ ನಾಚಿಕೆಯಾಯಿತು. ಬೋಗಿಯಲ್ಲಿ ಎಲ್ಲರ ಬಾಯಿ ಮುಚ್ಚಿಸಿದ ಸಂಸ್ಥೆ ತನ್ನ ಬಾಯಿಯನ್ನೇ ಮುಚ್ಚಿರಲಿಲ್ಲ! ಅದೇ ವಾರ ಆ ಬೋಗಿಯ ಧ್ವನಿವರ್ಧಕದ ತಂತಿಯನ್ನು ನಾನೇ ಮುಂದೆ ನಿಂತು ಕತ್ತರಿಸಿ ಹಾಕಿಸಿದೆ. ಪ್ರಕಟಣೆಗಳ ಬದಲಿಗೆ ಕಂಡಕ್ಟರ್ ಎತ್ತಿ ತೋರಿಸಲು ಮರದ ಫಲಕಗಳನ್ನು ಮಾಡಿಸುವುದೆಂದು ಆದೇಶವೂ ಆಯಿತು. ಫಲಕದಲ್ಲಿ ನಮ್ಮ ಎರಡು ರಾಜಭಾಷೆಗಳ ಪೈಕಿ ಫಿನ್ನಿಶ್ ಮೇಲಿರಬೇಕೋ ಸ್ವೀಡಿಶ್ ಮೇಲಿರಬೇಕೋ ಎಂಬುದನ್ನು ನಿರ್ಧರಿಸಲು ಒಂದು ಸಮಿತಿಯನ್ನು ನೇಮಿಸಲಾಗಿದೆ. ಸಮಿತಿಯ ಕೆಲಸ ಚೆನ್ನಾಗಿಯೇ ನಡೆಯುತ್ತಿದೆ, ಸಭೆಗೊಮ್ಮೆ ಏಲಕ್ಕಿ ಬನ್ನು ತರಿಸುತ್ತಾರೆ.

ಈಗ ಓಸ್ಮೊನ ವಿಷಯ. ಇವನು ದೋಣಿಗಳ ಎಂಜಿನ್ ರಿಪೇರಿ ಮಾಡುವವನು, ನಲವತ್ತು ದಾಟಿದವನು, ಒಳ್ಳೆಯವನು. ಕರಾವಳಿಯ ಮೆರಿಲಾ ಊರಿನಲ್ಲಿ ಬೇಕರಿ ಇಟ್ಟಿರುವ ಹಿಲ್ಕ್ಕಾಳನ್ನು ಹನ್ನೊಂದು ವರ್ಷದಿಂದ ಪ್ರೀತಿಸುತ್ತಿದ್ದ. ಆದರೆ ಅದನ್ನು ಅವಳಿಗೆ ಹೇಳಿರಲಿಲ್ಲ. ವಾರಕ್ಕೊಮ್ಮೆ ಹೋಗುತ್ತಿದ್ದ, ಕಾಫಿ ಕುಡಿಯುತ್ತಿದ್ದ, ಅವಳ ಒಲೆಯ ಬಾಗಿಲು ಸರಿಮಾಡಿ ವಾಪಸು ಬರುತ್ತಿದ್ದ. ಕೊನೆಗೆ ಅವಳೇ ರೋಸಿಹೋಗಿ, "ಮದುವೆ ಆಗೋಣ್ವಾ?" ಎಂದು ಕೇಳಿದಳಂತೆ. ಇವನು ತಲೆಯಾಡಿಸಿದನಂತೆ. "ತಲೆ ಆಡಿಸಿದ್ದು ಸಾಕು, ಚರ್ಚಲ್ಲಿ ಪಾದ್ರಿ ಕೇಳಿದಾಗ ಬಾಯಿಬಿಟ್ಟು ಹೇಳ್ಬೇಕು, ತಿಳೀತಾ?" ಎಂದು ಅವಳು ಹೇಳಿ ದಿನ ಗೊತ್ತುಮಾಡಿದಳು. ಆ ದಿನ ಓಸ್ಮೊ ಕಪ್ಪು ಸೂಟು ತೊಟ್ಟು, ಎದೆಗೆ ಬಿಳಿ ಹೂ ಸಿಕ್ಕಿಸಿಕೊಂಡು ನಮ್ಮ ಮೌನ ಬೋಗಿಯನ್ನು ಹತ್ತಿದ. ಆ ಬೋಗಿಯೆಂದರೆ ಅವನಿಗೆ ಅಚ್ಚುಮೆಚ್ಚು.

ಈ ರೈಲು ಲೆಪ್ಪಸಾರಿ ಜಂಕ್ಷನ್ನಿನಲ್ಲಿ ಎರಡು ತುಂಡಾಗುತ್ತದೆ. ಒಂದು ತುಂಡು ಕರಾವಳಿಯ ಮೆರಿಲಾ ಕಡೆಗೆ, ಇನ್ನೊಂದು ಪೂರ್ವದ ಕಾಡಿನಲ್ಲಿರುವ ಪೆತಾವಾರಾ ಕಡೆಗೆ. ಪೆತಾವಾರಾದಲ್ಲಿ ಮರ ಕೊಯ್ಯುವ ಒಂದು ಗರಗಸದ ಕಾರ್ಖಾನೆಯಿದೆ, ಅದೂ ಮುಚ್ಚಿದೆ. ಅಂದು ರಿಪೇರಿ ಶೆಡ್ಡಿನವರು ಬೋಗಿಗಳನ್ನು ಹಿಂದುಮುಂದು ಮಾಡಿ ಜೋಡಿಸಿದ್ದರಿಂದ, ಮೆರಿಲಾಕ್ಕೆ ಹೋಗಬೇಕಿದ್ದ ಮೌನ ಬೋಗಿ ಪೆತಾವಾರಾದ ತುಂಡಿಗೆ ಸೇರಿತ್ತು. ಸಂಸ್ಥೆ ತನ್ನ ಕರ್ತವ್ಯದಲ್ಲಿ ಲೋಪ ಮಾಡಲಿಲ್ಲ. "ಮೆರಿಲಾಕ್ಕೆ ಹೋಗುವ ಪ್ರಯಾಣಿಕರು ದಯವಿಟ್ಟು ಮುಂದಿನ ಬೋಗಿಗಳಿಗೆ ತೆರಳಬೇಕು" ಎಂದು ಮೂರು ಸಲ ಪ್ರಕಟಿಸಿತು. ಉಳಿದ ಬೋಗಿಗಳವರೆಲ್ಲ ಚೀಲ ಹೊತ್ತುಕೊಂಡು ಮುಂದೆ ಹೋದರು. ಮೌನ ಬೋಗಿಯವರು ಅವರನ್ನು ಕಿಟಕಿಯಿಂದ ನೋಡಿ, ಏನು ಗಲಾಟೆಯಪ್ಪ ಈ ಜನ, ಎಂದುಕೊಂಡು ಕಣ್ಣು ಮುಚ್ಚಿದರು.

ತೈಸ್ತೊ ಕೈಕಟ್ಟಿ ಕೂರಲಿಲ್ಲ. ಅವನ ಹೇಳಿಕೆ ನನ್ನ ಮುಂದಿದೆ.

"ಫಲಕ ಬಂದಿರಲಿಲ್ಲ ಸಾರ್. ಅದಕ್ಕೇ ಕೈಸನ್ನೆ ಮಾಡಿದೆ. ಎರಡು ಅಂಗೈ ಜೋಡಿಸಿ, ಆಮೇಲೆ ದೂರ ದೂರ ಮಾಡಿ ತೋರಿಸ್ದೆ. ರೈಲು ಎರಡಾಗುತ್ತೆ ಅಂತ."

"ಅವರಿಗೆ ಅರ್ಥ ಆಯ್ತಾ?"

"ಆ ಮದುಮಗ ನಕ್ಕ ಸಾರ್. ನಕ್ಕು, ತನ್ನ ಕೈ ನನಗಿಂತ ಅಗಲ ಮಾಡಿ ತೋರಿಸ್ದ. ನಾನು ಹಿಡಿದ ಮೀನು ಎಷ್ಟುದ್ದ ಅಂತ ಹೇಳ್ತಿದೀನಿ ಅಂದ್ಕೊಂಡ. ತಾನು ಅದಕ್ಕಿಂತ ದೊಡ್ಡದು ಹಿಡಿದಿದೀನಿ ಅಂತ."

"ಆಮೇಲೆ?"

"ಅಷ್ಟುದ್ದದ ಮೀನು ಅವನು ಹಿಡಿದಿರೋಕೆ ಸಾಧ್ಯಾನೇ ಇಲ್ಲ ಸಾರ್. ನಾನೂ ಸ್ವಲ್ಪ ಅಗಲ ಮಾಡ್ದೆ. ಅಷ್ಟರಲ್ಲಿ ರೈಲು ಹೊರಡ್ತು."

ಒಬ್ಬೊಬ್ಬರನ್ನೇ ಗೂಡಿಗೆ ಕರೆದು ಹೇಳಬಹುದಿತ್ತಲ್ಲ ಎಂದು ಪತ್ರಿಕೆಯವರು ಕೇಳಿದ್ದಾರೆ. ಗೂಡಿನಲ್ಲಿ ಒಬ್ಬರಿಗಿಂತ ಹೆಚ್ಚು ಜನ ನಿಲ್ಲಕೂಡದು. ಇಷ್ಟು ಸಣ್ಣ ನಿಯಮ ಓದದವರು ಪತ್ರಿಕೆ ಯಾಕೆ ನಡೆಸುತ್ತಾರೋ ನಾನು ಕಾಣೆ.

ಮೆರಿಲಾ ದಾರಿಯಲ್ಲಿ ಸರೋವರ ಎಡಕ್ಕೆ ಬರಬೇಕು. ಅಂದು ಬಲಕ್ಕೆ ಬಂತು. ಬೋಗಿಯಲ್ಲಿದ್ದ ಅಷ್ಟೂ ಜನ ಅದನ್ನು ನೋಡಿದರೆಂದು ವಿಚಾರಣೆಯಲ್ಲಿ ಒಪ್ಪಿಕೊಂಡಿದ್ದಾರೆ. ಸರೋವರವನ್ನು ನೋಡಿ, ತಮ್ಮತಮ್ಮ ಬೂಟುಗಳನ್ನು ನೋಡಿಕೊಂಡರು. ಮುಂದೆ ಕುಳಿತವರು, ಹಿಂದಿನವರಿಗೆ ಗೊತ್ತಿದ್ದರೆ ಹೇಳುತ್ತಿದ್ದರು ಎಂದುಕೊಂಡರು. ಹಿಂದಿನವರು ಮುಂದಿನವರ ಬಗ್ಗೆ ಹಾಗೇ ಅಂದುಕೊಂಡರು. ಓಸ್ಮೊನ ಎದೆಯ ಹೂವನ್ನು ಎಲ್ಲರೂ ನೋಡಿದ್ದರು, ಅಯ್ಯೋ ಪಾಪ ಎಂದೂ ಅನ್ನಿಸಿತ್ತಂತೆ.

ಓಸ್ಮೊ ಎದ್ದು ಗೂಡಿನ ಕಡೆ ಹೋದ. ಒಳಗೆ ಒಬ್ಬರು ತಮ್ಮ ಅಳಿಯನ ಗುಣಗಾನ ಮಾಡುತ್ತಿದ್ದರು, ಬೇಗ ಮುಗಿಯುವಂಥದ್ದಲ್ಲ. ಅವನು ನಮ್ಮ ದೇಶದ ಮರ್ಯಾದೆಯಂತೆ ಸಾಕಷ್ಟು ದೂರದಲ್ಲಿ ನಿಂತ. ಎಷ್ಟು ದೂರವೆಂದರೆ, ಅವನು ಸರದಿಯಲ್ಲಿದ್ದಾನೋ ಸುಮ್ಮನೆ ನಿಂತಿದ್ದಾನೋ ತಿಳಿಯದೆ ಇನ್ನೊಬ್ಬರು ಅವನಿಗಿಂತ ಮುಂಚೆ ಒಳಗೆ ಹೋದರು. ಅಂತೂ ಕೊನೆಗೆ ಅವನಿಗೆ ಗೂಡು ಸಿಕ್ಕಿತು. ಅಲ್ಲಿ ನಡೆದ ಮಾತನ್ನು ಹಿಲ್ಕ್ಕಾ ನಮಗೆ ಹೀಗೆ ಹೇಳಿದ್ದಾಳೆ.

"ಹಿಲ್ಕ್ಕಾ, ನಾನು."

"ಎಲ್ಲಿದೀಯೋ ಮಾರಾಯ? ಪಾದ್ರಿಗಳಿಗೆ ಇದಾದ್ಮೇಲೆ ಒಂದು ಶವಸಂಸ್ಕಾರ ಇದೆ. ಈಗಲೇ ಆ ಮುಖ ಹಾಕ್ಕೊಂಡು ನಿಂತಿದಾರೆ."

"ರೈಲಲ್ಲಿದೀನಿ. ರೈಲು ಸರಿಯಾಗೇ ಇದೆ. ದಾರಿ ಬೇರೆ."

"ದಾರಿ ಬೇರೆ ಅಂದ್ರೆ?"

"ಪೆತಾವಾರಾ ಕಡೆ ಹೋಗ್ತಿರೋ ಹಾಗಿದೆ."

"ಯಾರನ್ನಾದ್ರೂ ಕೇಳ್ಬಾರ್ದಾ?"

"ಮೌನ ಬೋಗಿ ಕಣೇ."

ಅದಕ್ಕೆ ಅವಳು, "ಇಷ್ಟು ವರ್ಷ ನಾನೂ ಅದೇ ಬೋಗೀಲಿ ಕೂತಿದ್ದೆ ಬಿಡು" ಎಂದಳಂತೆ. ನಂತರ ದನಿ ಗಟ್ಟಿ ಮಾಡಿಕೊಂಡು ಹೇಳಿದಳು: "ಇಲ್ಲಿ ಕೇಳು. ದೊಡ್ಡ ಸೇತುವೆ ಇನ್ನೂ ದಾಟಿಲ್ಲ ತಾನೆ? ಅದರ ಪಕ್ಕಾನೇ ರಸ್ತೆ ಇದೆ. ನಮ್ಮಣ್ಣ ಹಾಲಿನ ಗಾಡೀಲಿ ಅಲ್ಲೇ ಹತ್ತಿರ ಇದಾನೆ, ಕಳಿಸ್ತೀನಿ. ಪಾದ್ರೀನ ನಾನು ಹಿಡಿದಿಟ್ಕೋತೀನಿ. ನೀನು ಈಗ ಹೊರಗೆ ಬಂದು, ಕಂಡಕ್ಟರ್‌ಗೆ ಕೇಳೋ ಹಾಗೆ 'ನಿಲ್ಸಿ' ಅಂತ ಒಂದೇ ಒಂದು ಸಲ ಕೂಗು. ಫೋನು ಕಟ್ ಮಾಡ್ಬೇಡ, ನಾನು ಕೇಳಿಸ್ಕೋಬೇಕು. ಕೂಗಿದ್ರೆ ಇವತ್ತು ಮದುವೆ. ಕೂಗ್ಲಿಲ್ಲ ಅಂದ್ರೆ ನನಗೆ ಉತ್ತರ ಸಿಕ್ತು ಅಂದ್ಕೋತೀನಿ."

ಓಸ್ಮೊ ಗೂಡಿನಿಂದ ಹೊರಗೆ ಬಂದು, ಬೋಗಿಯ ನಡುವೆ ನಿಂತು, ಫೋನನ್ನು ಎತ್ತಿ ಹಿಡಿದ. ಬೋಗಿಯ ಆ ತುದಿಯಲ್ಲಿ ತೈಸ್ತೊ ಕಾಫಿಯಲ್ಲಿ ರೊಟ್ಟಿ ಅದ್ದುತ್ತಿದ್ದ. ಎಲ್ಲರೂ ಓಸ್ಮೊನತ್ತ ತಿರುಗಿದರು. ಮುಂದಿನದನ್ನು ಲೆಂಪಿಯಮ್ಮನ ಬಾಯಲ್ಲೇ ಕೇಳಬೇಕು.

"ಅವನು ಬಾಯಿ ತೆಗೆದ ಕಾಲೆರ್ವೊ. ನನಗೆ ಜೀವ ಬಾಯಿಗೆ ಬಂದಿತ್ತು. ಕೂಗಪ್ಪಾ, ನಿನ್ನ ದಮ್ಮಯ್ಯ ಕೂಗು, ಅಂತ ಮನಸ್ಸಲ್ಲೇ ಬೇಡ್ಕೊಂಡೆ. ನಾನೂ ಮೆರಿಲಾಕ್ಕೇ ಹೋಗ್ಬೇಕಿತ್ತಲ್ಲ! ಆದ್ರೆ ಅಭ್ಯಾಸ ನೋಡು, ಹಾಳಾದ ಬೆರಳು ತಾನಾಗೇ ತುಟಿ ಮೇಲೆ ಹೋಗಿ ಕೂತ್ಕೊಂಡ್ತು."

ಓಸ್ಮೊ ಬಾಯಿ ಮುಚ್ಚಿದ. ತೊಂದರೆ ಕೊಟ್ಟದ್ದಕ್ಕಾಗಿ ಎಲ್ಲರಿಗೂ ತಲೆಬಾಗಿ ತನ್ನ ಜಾಗದಲ್ಲಿ ಕುಳಿತ. ರೈಲು ಸೇತುವೆ ದಾಟಿತು. ಎಲ್ಲರೂ ಸೇತುವೆಯನ್ನು ನೋಡಿದರು. ಹಿಲ್ಕ್ಕಾಳ ಅಣ್ಣ ಹಾಲಿನ ಗಾಡಿ ನಿಲ್ಲಿಸಿಕೊಂಡು ಕೆಳಗೆ ಕಾಯುತ್ತಿದ್ದ. ಒಬ್ಬರು ಅವನಿಗೆ ಕೈಬೀಸಿದರಂತೆ.

ಪೆತಾವಾರಾದಲ್ಲಿ ಇಳಿದದ್ದೇ ತಡ, ಪ್ಲಾಟ್‌ಫಾರ್ಮಿನ ಮೇಲೆ ಸಂತೆ ನೆರೆಯಿತು.

"ಸರೋವರ ನೋಡಿದ ತಕ್ಷಣ ನನಗೆ ಗೊತ್ತಾಯ್ತು!"

"ನನಗೆ ಅದಕ್ಕೂ ಮೊದಲೇ!"

"ಹೇಳೋಕೇನಾಗಿತ್ರೀ ರೋಗ?"

"ನೀವು ಹೇಳ್ಬೇಕಿತ್ತು. ಕಿಟಕಿ ಪಕ್ಕ ಕೂತಿದ್ದು ನೀವು."

ಈ ಗದ್ದಲದ ನಡುವೆ ಓಸ್ಮೊ ಫೋನಿಗೆ ಬಾಯಿಟ್ಟು, "ನಿಲ್ಸಿ! ನಿಲ್ಸಿ! ಹಿಲ್ಕ್ಕಾ, ನಿಲ್ಸಿ!" ಎಂದು ಕೂಗಿದ. ಪಕ್ಕದ ಕಾಡಿನಿಂದ ಹಕ್ಕಿಗಳು ಎದ್ದವು ಎಂದು ತೈಸ್ತೊ ಹೇಳುತ್ತಾನೆ. ಫೋನು ಆಗಲೇ ಕಟ್ಟಾಗಿತ್ತು. ಕೂಗಿದ್ದು ಪ್ಲಾಟ್‌ಫಾರ್ಮಿನ ಮೇಲೆ ಆದ್ದರಿಂದ ಅವನ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಲಾಗಿಲ್ಲ.

ಪಾದ್ರಿಗಳು ಶವಸಂಸ್ಕಾರಕ್ಕೆ ಹೋದರು. ನೆಂಟರು ಮೀನಿನ ಸೂಪು ಕುಡಿದು ಮನೆಗೆ ಹೋದರು.

ಆಡಳಿತ ಮಂಡಳಿಯ ತುರ್ತುಸಭೆಗೆ ನಾನು ನಡುಗುತ್ತಲೇ ಹೋದೆ, ಸುಳ್ಳು ಯಾಕೆ ಹೇಳಲಿ. ಅಧ್ಯಕ್ಷೆ ಮೊದಲು ಕೇಳಿದ್ದು ಇದನ್ನೇ: "ಆ ಪ್ರಯಾಣಿಕರು ಪೆತಾವಾರಾದಿಂದ ವಾಪಸು ಹೇಗೆ ಬಂದರು?"

"ನಮ್ಮ ರೈಲಲ್ಲೇ, ಮೇಡಂ. ಬೇರೆ ದಾರಿಯಿಲ್ಲ. ಹೊಸ ಟಿಕೆಟ್ ತಗೊಂಡು ಬಂದರು."

"ಆಮೇಲೆ ಮೆರಿಲಾಕ್ಕೆ?"

"ಅದಕ್ಕೂ ಹೊಸ ಟಿಕೆಟ್."

"ಯಾರಾದರೂ ಜಗಳ ಮಾಡಿದರಾ?"

"ಮೌನ ಬೋಗಿಯಲ್ಲೇ ಬಂದರು, ಮೇಡಂ."

ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿಕೊಂಡರು. "ಇದನ್ನ ಅಚಾತುರ್ಯ ಅಂತ ಯಾಕೆ ಕರೀತೀರಿ? ಸೇವೆ ಅನ್ನಿ" ಎಂದರು. ಅಂದಿನಿಂದ ಮೌನ ಬೋಗಿಯನ್ನು ಪೆತಾವಾರಾದ ತುಂಡಿಗೇ ಖಾಯಂ ಮಾಡಲಾಗಿದೆ. ಟಿಕೆಟ್ಟನ್ನು ಎಂದಿನಂತೆ ಮೆರಿಲಾಕ್ಕೇ ಕೊಡಲಾಗುತ್ತದೆ. ಕಾಡು ನೋಡಿದ್ದಕ್ಕೆ 'ಅನಿರೀಕ್ಷಿತ ದರ್ಶನ ಶುಲ್ಕ' ಎಂಬ ಸಣ್ಣ ಮೊತ್ತವನ್ನು ಸೇರಿಸಿದ್ದೇವೆ. ಪೆತಾವಾರಾದವರಿಗೂ ಸಂತೋಷವಾಗಿದೆ. ಮುಚ್ಚಿದ ಗರಗಸದ ಕಾರ್ಖಾನೆಯಲ್ಲಿ ದಾರಿತಪ್ಪಿದವರಿಗಾಗಿ ಕಾಫಿ ಅಂಗಡಿ ತೆರೆದಿದ್ದಾರೆ.

ವಿಚಾರಣೆ ಮುಗಿಸಲು ಹಿಲ್ಕ್ಕಾಳ ಹೇಳಿಕೆಯೊಂದು ಬಾಕಿಯಿತ್ತು. ನಾನೇ ಮೆರಿಲಾಕ್ಕೆ ಹೋದೆ, ಮೂರನೇ ಬೋಗಿಯಲ್ಲಿ. ಅವಳು ಹಿಟ್ಟು ನಾದುತ್ತಿದ್ದಳು. ಮೊಕದ್ದಮೆ ಹೂಡುತ್ತಾಳೋ ಏನೋ ಎಂಬ ಭಯ ನನಗೆ.

"ನಿಮಗಾದ ನಷ್ಟಕ್ಕೆ ಸಂಸ್ಥೆ ಹೊಣೆ ಅಂತ ಹೇಳ್ತೀರಾಮ್ಮ?" ಎಂದು ಮೆಲ್ಲಗೆ ಕೇಳಿದೆ.

ಅವಳು ತಲೆ ಎತ್ತಲಿಲ್ಲ. "ಬರ್ಕೊಳಿ ಸಾರ್. ರೈಲಿನವರದ್ದು ಏನೂ ತಪ್ಪಿಲ್ಲ. ಅವನು ನನ್ನ ಅಡುಗೆಮನೇಲೂ ಹೀಗೇ ಇದ್ದ. ಆವಾಗ ಯಾವ ರೂಲ್ಸೂ ಇರ್ಲಿಲ್ಲ." ಮಾತು ಮುಗಿಸಿ ಮೊಣಕೈಯಿಂದ ಕಣ್ಣು ಒರೆಸಿಕೊಂಡಳು. ಹಿಟ್ಟು ಮೆತ್ತಿಕೊಂಡಿತು. ನನಗೆ ಪಾಪ ಎನಿಸಿತು, ಜೊತೆಗೆ ದೊಡ್ಡ ಭಾರ ಇಳಿದಂತೆಯೂ ಆಯಿತು.

ಮಂಡಳಿ ಆ ಹೇಳಿಕೆಯನ್ನು ಬಹಳ ಮೆಚ್ಚಿತು. ಹಿಲ್ಕ್ಕಾ ಮದುವೆಯ ಉಡುಪಿನಲ್ಲಿ ಚರ್ಚಿನ ಬಾಗಿಲಲ್ಲಿ ನಿಂತ ಚಿತ್ರವನ್ನು ಅವಳ ಅಣ್ಣನಿಂದ ಪಡೆದು, ಕೆಳಗೆ 'ರೈಲಿನವರದ್ದು ಏನೂ ತಪ್ಪಿಲ್ಲ' ಎಂದು ಅಚ್ಚು ಹಾಕಿಸಿ, ಎಲ್ಲ ಬೋಗಿಗಳಲ್ಲೂ ಅಂಟಿಸಿದ್ದೇವೆ. ಹಿಲ್ಕ್ಕಾ ಆಕ್ಷೇಪಿಸಲಿಲ್ಲ. ಅವಳನ್ನು ಕೇಳಿಯೂ ಇರಲಿಲ್ಲ.

ಓಸ್ಮೊ ಈಗಲೂ ವಾರಕ್ಕೊಮ್ಮೆ ಕಪ್ಪು ಸೂಟು ತೊಟ್ಟು, ಮೆರಿಲಾಕ್ಕೆ ಟಿಕೆಟ್ ಕೊಂಡು, ನಾಲ್ಕನೇ ಬೋಗಿಯಲ್ಲಿ ಆ ಚಿತ್ರದ ಎದುರಿಗೇ ಕೂರುತ್ತಾನೆ. ತೈಸ್ತೊ ಹೇಳುವಂತೆ ದಾರಿಯುದ್ದಕ್ಕೂ ಅವನ ತುಟಿ ಅಲುಗುತ್ತಿರುತ್ತದೆ, ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಳ್ಳುತ್ತಿರುವವನ ಹಾಗೆ. ಸದ್ದು ಬರುವುದಿಲ್ಲವಾದ್ದರಿಂದ ಅಭ್ಯಂತರವಿಲ್ಲ. ಪೆತಾವಾರಾದಲ್ಲಿ ಇಳಿದು, ಕಾಫಿ ಕುಡಿದು, ಶುಲ್ಕ ಕಟ್ಟಿ ವಾಪಸು ಬರುತ್ತಾನೆ. ಮೂರನೇ ಬೋಗಿ ಹತ್ತಿದರೆ ನೇರವಾಗಿ ಅವಳ ಊರಿಗೇ ಹೋಗಬಹುದೆಂದು ಬೋಗಿಯಲ್ಲಿ ಎಲ್ಲರಿಗೂ ಗೊತ್ತು. ಲೆಂಪಿಯಮ್ಮನಿಗೂ ಗೊತ್ತು, ತೈಸ್ತೊಗೂ ಗೊತ್ತು, ನನಗೂ ಗೊತ್ತು. ಆದರೆ ಅದನ್ನು ಅವನಿಗೆ ಯಾರೂ ಹೇಳಿಲ್ಲ, ಹೇಳುವಂತೆಯೂ ಇಲ್ಲ.