ಅಧಿಕೃತ ಹೀರುಗರ ನೇಮಕ

ರಾಮೆನ್ ತಿನ್ನುವಾಗ ಬಾಯಿಂದ ಹೊರಡುವ ಸೊರ್ ಎಂಬ ಸದ್ದು ತಿನ್ನುವವನ ಸ್ವಂತದ್ದಲ್ಲ, ಅದು ಸಾರ್ವಜನಿಕ ಸ್ವತ್ತು ಎಂದು ನಗರಸಭೆಯು ಸರ್ವಾನುಮತದಿಂದ ತೀರ್ಮಾನಿಸಿದೆ. ಅಂದು ಹಾಜರಿದ್ದ ಸದಸ್ಯರಲ್ಲಿ ಯಾರೊಬ್ಬರೂ ರಾಮೆನ್ ತಿಂದವರಲ್ಲವಾದ್ದರಿಂದ ಚರ್ಚೆಯು ಸಂಪೂರ್ಣ ನಿಷ್ಪಕ್ಷಪಾತವಾಗಿ ನಡೆಯಿತು.

ಇಷ್ಟಕ್ಕೆಲ್ಲ ಕಾರಣವಾದ ಜಪಾನಿ ಹೋಟೆಲು ಒಂದು ಔಷಧಿ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಸಿಕ್ಕಿಕೊಂಡಿದೆ. ಬಾಗಿಲಿಗೆ ನೀಲಿ ಬಟ್ಟೆಯ ಪರದೆ, ಒಳಗೆ ಉದ್ದನೆಯ ಮರದ ಕಟ್ಟೆ, ಅದರ ಮುಂದೆ ಎಂಟು ಸ್ಟೂಲು. ಒಂಬತ್ತನೆಯವರು ಬಂದರೆ ಬೀದಿಯಲ್ಲಿ ನಿಲ್ಲಬೇಕು. ಕಟ್ಟೆಯಾಚೆ ಒಂದು ಹಂಡೆಯಲ್ಲಿ ಸಮುದ್ರದ ಪಾಚಿ, ಒಣಮೀನು, ಕೋಳಿಮೂಳೆ ಬೆಳಗಿನಿಂದ ಕುದಿಯುತ್ತಿರುತ್ತವೆ. ಆ ಸಾರಿಗೆ ನೂಡಲ್ಸ್ ಬಿಟ್ಟು, ಮೇಲೆ ಅರ್ಧ ಮೊಟ್ಟೆಯನ್ನೂ ಈರುಳ್ಳಿಸೊಪ್ಪನ್ನೂ ಹಾಕಿ ಕೊಟ್ಟರೆ ಅದೇ ರಾಮೆನ್. ಅಡುಗೆ ಗಂಡನದು. ಬಟ್ಟಲು ಕೊಡುವುದು, ದುಡ್ಡು ತೆಗೆದುಕೊಳ್ಳುವುದು, ಗಿರಾಕಿಗಳನ್ನು ಗದರಿಸುವುದು ಹೆಂಡತಿಯ ಪಾಲು. ಗಿರಾಕಿಗಳೆಲ್ಲ ಆಕೆಯನ್ನು ಅಕ್ಕ ಎಂದರು. ಹಾಗಾಗಿ ಅಡುಗೆಯವನು ಯಾರ ಅಪ್ಪಣೆಯೂ ಇಲ್ಲದೆ ಊರಿಗೆಲ್ಲ ಭಾವನಾದ.

ಭಾವ ಈ ಕೆಲಸವನ್ನು ಜಪಾನಿನಲ್ಲೇ ಕಲಿತು ಬಂದವನು. ಅಲ್ಲಿ ರಾಮೆನ್ನನ್ನು ಸದ್ದು ಮಾಡಿ ಹೀರುವುದೇ ಮರ್ಯಾದೆ. ನಾಲಿಗೆ ಸುಡುವುದಿಲ್ಲ, ಸಾರಿನ ಘಮ ಮೂಗಿಗೆ ಹತ್ತುತ್ತದೆ, ಅಡುಗೆಯವನಿಗೂ ಜೀವಕ್ಕೆ ಸಮಾಧಾನ. ಯಾರಾದರೂ ಎದುರಿಗೆ ಹೊಗಳಿದರೆ ಭಾವ ಪಾತ್ರೆ ತೊಳೆಯಲು ಹೊರಟುಬಿಡುತ್ತಿದ್ದ. ಅವನಿಗೆ ಬೇಕಿದ್ದದ್ದು ಆ ಸದ್ದೊಂದೇ. ಬೆನ್ನು ತಿರುಗಿಸಿ ನಿಂತು ಅದನ್ನು ಕೇಳಿಸಿಕೊಂಡೇ ಇವತ್ತಿನ ಸಾರು ಗೆದ್ದಿತೋ ಸೋತಿತೋ ತಿಳಿದುಕೊಳ್ಳುತ್ತಿದ್ದ. ಅಕ್ಕನಿಗೆ ಇದು ಗೊತ್ತಿತ್ತು. ಹೊಸಬರು ಸಭ್ಯರಂತೆ ತುಟಿ ಮುಚ್ಚಿ ತಿಂದು ಗಂಡನ ಮುಖ ಬಾಡಿಸುತ್ತಾರಲ್ಲ ಎಂಬ ಸಂಕಟಕ್ಕೆ ಗೋಡೆಯ ಮೇಲೆ ಒಂದು ಬೋರ್ಡು ಬರೆಸಿದಳು: "ದಯವಿಟ್ಟು ಸೊರ್ ಎಂದು ಹೀರಿ."

ಈ ಬೋರ್ಡು ಶಬ್ದ ನಿಯಂತ್ರಣ ಇಲಾಖೆಯ ಕಣ್ಣಿಗೆ ಬಿತ್ತು. ಇಲಾಖೆ ಆಗ ಬಹಳ ಕಷ್ಟದಲ್ಲಿತ್ತು. ಕಾರ್ಖಾನೆಗಳಿಗೆ ವಿನಾಯಿತಿ, ಲಾರಿಗಳಿಗೆ ವಿನಾಯಿತಿ, ರಾಜಕೀಯ ಸಭೆಗಳ ಧ್ವನಿವರ್ಧಕಗಳಿಗೆ ಶಾಶ್ವತ ವಿನಾಯಿತಿ. ಇಷ್ಟೆಲ್ಲ ಕೊಟ್ಟಾದ ಮೇಲೆ ನಿಯಂತ್ರಿಸಲು ಊರಿನಲ್ಲಿ ಸದ್ದೇ ಉಳಿದಿರಲಿಲ್ಲ. ಸಿಬ್ಬಂದಿ ನೊಣ ಹೊಡೆಯುತ್ತ ಕೂತಿದ್ದರು, ಅದನ್ನೂ ಸಂಬಳ ತೆಗೆದುಕೊಂಡೇ ಹೊಡೆಯುತ್ತಿದ್ದರು.

ನಿರೀಕ್ಷಕರು ಬಂದು ನಡುವಿನ ಸ್ಟೂಲಿನ ಮೇಲೆ ಕೂತು, ಶಬ್ದ ಅಳೆಯುವ ಯಂತ್ರವನ್ನು ಊಟದ ಕಡ್ಡಿಗಳ ಡಬ್ಬಿಗೆ ಒರಗಿಸಿಟ್ಟರು.

"ಏನಮ್ಮಾ ಇದು, ಗೋಡೆ ಮೇಲೆ?"

"ಬೋರ್ಡು ಸಾರ್."

"ಅದು ನಂಗೂ ಕಾಣ್ಸುತ್ತೆ. ಸದ್ದು ಮಾಡಿ ಅಂತ ಜನರಿಗೆ ಪ್ರಚೋದನೆ ಕೊಡ್ತಿದೀರಲ್ಲ?"

"ಪ್ರಚೋದನೆ ಏನ್ ಬಂತು ಸಾರ್, ಹಾಗೆ ತಿಂದ್ರೇನೇ ರುಚಿ."

"ರುಚಿ ನಮ್ಮ ಇಲಾಖೆಗೆ ಬರಲ್ಲ. ಒಂದು ಬಟ್ಟಲು ತನ್ನಿ, ಪರೀಕ್ಷೆ ಮಾಡ್ಬೇಕು."

ಪರೀಕ್ಷೆ ಮಾಡಿದರು. ಯಂತ್ರದ ಮುಳ್ಳು ಕುಣಿಯಿತು. ಫಲಿತಾಂಶ ಖಚಿತಪಡಿಸಿಕೊಳ್ಳಲು ಇನ್ನೊಂದು ಬಟ್ಟಲು, ಸರಾಸರಿ ತೆಗೆಯಲು ಮತ್ತೊಂದು. ಕೊನೆಗೆ ಹಣೆಯ ಬೆವರು ಒರೆಸಿಕೊಂಡು, "ಬಹಳ ಗಂಭೀರವಾದ ಅಪರಾಧ" ಎಂದರು. ದುಡ್ಡಿಗಾಗಿ ಅಕ್ಕ ಕೈಚಾಚಿದಾಗ, "ಸಾಕ್ಷ್ಯಕ್ಕೆ ಯಾರಾದ್ರೂ ದುಡ್ಡು ಕೊಡ್ತಾರೇನಮ್ಮಾ?" ಎಂದು ಕನಿಕರದಿಂದ ಕೇಳಿದರು. ಅತ್ತ ಬೆನ್ನು ಮಾಡಿ ನಿಂತಿದ್ದ ಭಾವನ ಮುಖ ಅರಳಿತ್ತು. ಕುದಿಯುವ ಹಂಡೆಯ ಗದ್ದಲದಲ್ಲಿ ಅವನಿಗೆ ಮಾತು ಕೇಳಿಸಿರಲಿಲ್ಲ, ಹೀರಿದ್ದಷ್ಟೇ ಕೇಳಿಸಿತ್ತು.

ಹೋಟೆಲಿನಲ್ಲಿ ಯಾರೂ ಹೀರಕೂಡದು, ಹೀರಿದರೆ ಬಾಗಿಲಿಗೆ ಬೀಗ ಎಂದು ಆದೇಶ ಬಂತು. ಅಕ್ಕ ಬೋರ್ಡು ಇಳಿಸಿದಳು. ಗಿರಾಕಿಗಳು ಬಾಯಿಗೆ ಬೀಗ ಹಾಕಿಕೊಂಡವರಂತೆ ತಿಂದು ನಾಲಿಗೆ ಸುಟ್ಟುಕೊಂಡರು. ಭಾವ ದಿನವಿಡೀ ಕಿವಿ ನಿಮಿರಿಸಿಕೊಂಡು ನಿಂತು, ಏನೂ ಕೇಳಿಸದೆ, ಚೆನ್ನಾಗಿದ್ದ ಸಾರನ್ನೇ ಅನುಮಾನಿಸತೊಡಗಿದ. ಅಷ್ಟರಲ್ಲಿ ವಿದೇಶಿ ಆಹಾರ ಪರಿಶೀಲನಾ ಇಲಾಖೆಯವರು ಬಂದರು. ಜಪಾನಿ ಹೋಟೆಲೆಂದು ಹೇಳಿಕೊಂಡು ಹೀರುವ ಸದ್ದೇ ಇಲ್ಲದೆ ಬಡಿಸುವುದು ಗ್ರಾಹಕರಿಗೆ ಬಗೆಯುವ ದ್ರೋಹ. ಕೂಡಲೇ ಸದ್ದು ಆರಂಭವಾಗದಿದ್ದರೆ ಬಾಗಿಲು ಮುಚ್ಚಿಸುವುದಾಗಿ ತಿಳಿಸಿದರು.

"ಸದ್ದು ಮಾಡಿದ್ರೆ ಬೀಗ ಅಂತಾರೆ ಅವ್ರು, ಮಾಡ್ದಿದ್ರೆ ಬೀಗ ಅಂತೀರ ನೀವು. ನಾವೇನ್ ಸಾಯೋದಾ ಸ್ವಾಮಿ?" ಅಕ್ಕ ರೇಗಿದಳು.

"ಪಕ್ಕದಲ್ಲೇ ಬೀಗದವನಿದಾನೆ, ನಿಮಗೆ ದೂರ ಹೋಗೋ ಕಷ್ಟ ಇಲ್ಲ" ಎಂದು ಅಧಿಕಾರಿ ಸಮಾಧಾನ ಹೇಳಿದರು.

ಎರಡು ಇಲಾಖೆಗಳ ಜಂಟಿ ಸಮಿತಿಯು ಹೋಟೆಲಿನಲ್ಲೇ, ಊಟದ ಹೊತ್ತಿಗೆ ಸರಿಯಾಗಿ, ಅನೇಕ ಸಲ ಸಭೆ ಸೇರಿ ಆಳವಾಗಿ ಅಧ್ಯಯನ ಮಾಡಿತು. ಸದ್ದು ಇರಲೇಬೇಕು, ಆದರೆ ಕಂಡಕಂಡವರು ಮಾಡುವಂತಿಲ್ಲ. ಆದ್ದರಿಂದ ಸರ್ಕಾರಿ ವೇತನದ ಅಧಿಕೃತ ಹೀರುಗರೊಬ್ಬರನ್ನು ನೇಮಿಸತಕ್ಕದ್ದು. ಗಿರಾಕಿಯು ತನ್ನ ಬಟ್ಟಲನ್ನು ಹೀರುಗರ ಮುಂದೆ ಸರಿಸತಕ್ಕದ್ದು. ಹೀರುಗರು ಗಿರಾಕಿಯ ಪರವಾಗಿ ಹೀರತಕ್ಕದ್ದು. ಗಿರಾಕಿಯು ತೃಪ್ತನಾಗತಕ್ಕದ್ದು.

ಹುದ್ದೆಗೆ ನಗರಸಭೆಯ ಆಯುಕ್ತರ ಷಡ್ಡಕ ಆಯ್ಕೆಯಾದರು. ಆಯುಕ್ತರಿಗೂ ಅವರಿಗೂ ಇರುವ ನಂಟನ್ನು ಯಾರೂ ಪರಿಗಣಿಸಲಿಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯವನ್ನು ಮತ್ತೆ ಪರಿಗಣಿಸುವುದು ಕಾಲಹರಣವೆಂದು ಸಮಿತಿ ಭಾವಿಸಿತು. ಷಡ್ಡಕರು ಚಿಕ್ಕಂದಿನಿಂದಲೂ ಹಿರಿಯರ ಎದುರಿಗೇ ಸದ್ದು ಮಾಡಿ ಕಾಫಿ ಕುಡಿಯುತ್ತಿದ್ದರೆಂಬುದು ಅನುಭವವೆಂದು ಗಣನೆಗೆ ಬಂತು.

ಮೊದಮೊದಲು ಅವರು ಪ್ರತಿ ಬಟ್ಟಲಿನಿಂದ ಒಂದೇ ತುತ್ತು ಹೀರಿ ಉಳಿದದ್ದನ್ನು ಗಿರಾಕಿಗೆ ವಾಪಸು ಕೊಡುತ್ತಿದ್ದರು. ಅರೆಬರೆ ಹೀರುವಿಕೆ ನಿಯಮಬಾಹಿರವೆಂದು ಸ್ಪಷ್ಟೀಕರಣ ಬಂದ ಮೇಲೆ ಪೂರ್ತಿ ಬಟ್ಟಲನ್ನು ತಾವೇ ಮುಗಿಸಿದರು. ಕೆಲಸದ ಹೊರೆ ಹೆಚ್ಚಾಯಿತೆಂದು ಸಹಾಯಕ ಹೀರುಗರು ಬಂದರು, ಅವರ ಮೇಲ್ವಿಚಾರಣೆಗೆ ಹಿರಿಯ ಹೀರುಗರು, ಹಿರಿಯರಿಗೆ ಬೇಸರವಾಗದಂತೆ ಅವರ ಅಳಿಯಂದಿರು. ಎಂಟೂ ಸ್ಟೂಲು ಭರ್ತಿಯಾದವು. ಗಿರಾಕಿಗಳು ಬೀದಿಯಲ್ಲಿ ನಿಂತು, ಪರದೆಯ ಸಂದಿನಿಂದ ದುಡ್ಡು ಕೊಟ್ಟು, ತಮ್ಮ ಪಾಲಿನ ಸದ್ದು ಕೇಳಿಸಿಕೊಂಡು ಬಾಯಿ ಒರೆಸಿಕೊಂಡು ಹೋಗತೊಡಗಿದರು. ಸಾಲು ದಿನದಿನಕ್ಕೂ ಬೆಳೆಯಿತು. ಒಳಗೆ ಜಾಗ ಸಿಗದ ಕಡೆ ಊಟ ಚೆನ್ನಾಗಿರುತ್ತದೆಂಬ ನಂಬಿಕೆ ಈ ಊರಿನವರಿಗೆ ಮೊದಲಿಂದಲೂ ಇದೆ.

"ಸದ್ದಂತೂ ಬಂತಲ್ಲ, ಬಿಡೇ" ಎಂದ ಭಾವ, ಮೊದಲ ಕೆಲವು ದಿನ. ಆಮೇಲೆ ಅವನಿಗೆ ಏನೋ ಕಸಿವಿಸಿ ಶುರುವಾಯಿತು. ಸಾರು ಚೆನ್ನಾಗಿ ಕೂಡಿದ ದಿನವೂ ಅದೇ ಸೊರ್, ತಳ ಹಿಡಿದ ದಿನವೂ ಅದೇ ಸೊರ್. ಒಂದು ಮಧ್ಯಾಹ್ನ ಅವನು ಬರೀ ಬಿಸಿನೀರಿಗೆ ನೂಡಲ್ಸ್ ಹಾಕಿ ಕಟ್ಟೆಯ ಮೇಲಿಟ್ಟ.

"ರೀ, ಇದೇನ್ರೀ, ನೀರು!"

"ಕೊಡು. ನೋಡೇಬಿಡೋಣ."

ಎಂಟೂ ಬಾಯಿಗಳು ಒಟ್ಟಿಗೆ ಹೀರಿದವು. ಹೊರಗಿನ ಸಾಲಿನಲ್ಲಿ ಯಾರೋ, "ಆಹಾ, ಇವತ್ತು ಭಾವ ಕೈಚಳಕ ತೋರಿಸಿಬಿಟ್ಟ!" ಎಂದರು. ಭಾವ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ಮಗುವಿನಂತೆ ಅತ್ತ. ಅಕ್ಕ ಅವನು ಅತ್ತದ್ದನ್ನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ನೆಟ್ಟಗೆ ಷಡ್ಡಕರ ಮುಂದೆ ಹೋಗಿ ನಿಂತಳು.

"ಸಾರ್, ನೀವು ಈಗ ಕುಡಿದಿದ್ದು ಬರೀ ಬಿಸಿನೀರು."

"ಹೌದಾ? ಗೊತ್ತೇ ಆಗ್ಲಿಲ್ಲವಲ್ಲಮ್ಮಾ!" ಷಡ್ಡಕರು ಹೊಟ್ಟೆ ಸವರಿಕೊಂಡರು. "ಒಳ್ಳೇದೇ ಆಯ್ತು. ಡಾಕ್ಟ್ರು ನಂಗೆ ಸಾರು ಬಿಡಿ ಅಂದಿದಾರೆ. ನೀರೂ ಯಾಕೆ ಸುಮ್ನೆ? ಮೇಲಕ್ಕೆ ಬರೀತೀನಿ."

ಬರೆದರು. ಹೀರುವುದಕ್ಕೆ ಸದ್ದು ಅಗತ್ಯವೇ ಹೊರತು ಆಹಾರವಲ್ಲವೆಂದು ಸುತ್ತೋಲೆ ಬಂತು. ಅಂದಿನಿಂದ ಖಾಲಿ ಬಟ್ಟಲುಗಳಲ್ಲೇ ಕೆಲಸ ಸಾಗಿತು. ಬೆಲೆ ಇಳಿಸಿದರೆ ಸದ್ದಿನ ಗೌರವಕ್ಕೆ ಕುಂದೆಂದು ಅದನ್ನು ಮಾತ್ರ ಮುಟ್ಟಲಿಲ್ಲ. ಉಳಿತಾಯವೆಲ್ಲ ಹೀರುಗರ ಕ್ಷೇಮನಿಧಿಗೆ ಸೇರಿತು. ಊರಿನ ಮಾದರಿ ಹೋಟೆಲೆಂಬ ಫಲಕವೂ ಬಂತು. ಅದನ್ನು ಸ್ವೀಕರಿಸಲು ಷಡ್ಡಕರು ಹೋದರು.

ಅಕ್ಕ ಸುಮ್ಮನಿರಲಾರದೆ ಹೊರಗೆ ಹೋಗಿ ಸಾಲಿನ ಮುಂದೆ ನಿಂತು ಕೂಗಿದಳು: "ಒಲೆ ಹಚ್ಚೇ ಇಲ್ಲ ಕಣ್ರಪ್ಪಾ! ಒಳಗೆ ಬಟ್ಟಲಲ್ಲಿ ಏನೂ ಇಲ್ಲ!"

"ಶ್! ಸ್ವಲ್ಪ ಸುಮ್ನಿರಮ್ಮ" ಎಂದರು ಮುಂದಿದ್ದ ನಿವೃತ್ತ ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ. "ದುಡ್ಡು ಕೊಟ್ಟಿದೀವಿ, ಊಟ ಮಾಡೋಕೆ ಬಿಡು."

ಸಾಲು ತಪ್ಪಿಸುತ್ತಿದ್ದಾಳೆಂದು ಹಿಂದಿನವರು ಅಕ್ಕನನ್ನು ಬೈದರು. ಅವಳು ಗೋಡೆಗೊರಗಿ ನಿಂತಳು. ಕೂಗಿ ಗಂಟಲು ಒಣಗಿತ್ತು, ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಸಾಲಿನ ಕೊನೆಗೆ ಹೋಗಿ ನಿಂತಳು. ಸರದಿ ಬಂದಾಗ ಎಲ್ಲರಂತೆ ದುಡ್ಡು ಕೊಟ್ಟು, ತನ್ನ ಬಟ್ಟಲಿನ ಸದ್ದನ್ನು ಕೊನೆಯವರೆಗೂ ಕೇಳಿಸಿಕೊಂಡಳು.

ಒಳಗೆ ಬಂದಾಗ ಭಾವ ತಣ್ಣನೆಯ ಹಂಡೆಯ ಪಕ್ಕ ಕೂತಿದ್ದ.

"ಹೇಗಿತ್ತೇ?"

"ಚೆನ್ನಾಗಿತ್ತು ರೀ." ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಉಪ್ಪೊಂದು ಚೂರು ಜಾಸ್ತಿ."

ಭಾವ ಹಂಡೆಯೊಳಗೆ ಬಗ್ಗಿ ನೋಡಿ, "ನಾಳೆ ಕಮ್ಮಿ ಹಾಕ್ತೀನಿ" ಎಂದ.