ಹನ್ನೊಂದು ಮಳೆಗಾಲ, ಒಬ್ಬನೇ ಗೋಲಿ

ಕಾಫಿ ತೋಟದ ರೈಟರ್ ಕೆಲಸದಲ್ಲಿ ಹಾಜರಿ ಬರೆಯುವುದು ಸುಲಭ, ನಗು ತಡೆದುಕೊಳ್ಳುವುದೇ ಕಷ್ಟ. ಜಾವಳಿಯ ಆಚೆ ಒಂದು ತೋಟದಲ್ಲಿ ಇಪ್ಪತ್ತು ವರ್ಷ ರೈಟರ್ ಆಗಿದ್ದೆ. ವಾರಕ್ಕೊಂದಾದರೂ ನಗು ಬರಿಸುವಂಥದ್ದು ನಡೆಯದೆ ಇರುತ್ತಿರಲಿಲ್ಲ. ನಮ್ಮ ಫುಟ್‌ಬಾಲ್ ತಂಡದ ವಿಷಯಕ್ಕೆ ಬಂದರಂತೂ ವಾರ ಕಾಯಬೇಕಾಗಿಯೂ ಇರಲಿಲ್ಲ.

ತಂಡ ಶುರುವಾದದ್ದು ತೊಂಬತ್ತೈದರ ಸುಮಾರಿಗೆ. ತೋಟದ ಮಾಲೀಕರು, ನಮ್ಮ ಸಾವ್ಕಾರ್ರಿಗೆ ಫುಟ್‌ಬಾಲ್ ಹುಚ್ಚು. ಆಳುಗಳ ಮೇಸ್ತ್ರಿ ಕ್ಯಾಪ್ಟನ್. ನಾನು ಸೆಕ್ರೆಟರಿ, ಬರೆಯಲು ಬರುತ್ತದೆ ಎನ್ನುವುದೊಂದೇ ನನ್ನ ಅರ್ಹತೆ. ಕಾಫಿ ಕೊಯ್ಲು ಮುಗಿದು, ಭತ್ತದ ಗದ್ದೆಯೂ ಖಾಲಿಯಾದ ಮೇಲೆ ಅದೇ ನಮ್ಮ ಮೈದಾನ. ಬೇಸಿಗೆಯ ಭಾನುವಾರಗಳೆಲ್ಲ ಪಂದ್ಯ: ಒಮ್ಮೆ ಮೂಡಿಗೆರೆ, ಒಮ್ಮೆ ಕಳಸ, ಒಮ್ಮೆ ಕುದುರೆಮುಖ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಮೈದಾನದಲ್ಲಿ ಸಸಿ ನಾಟಿ, ಆಟ ಬಂದ್. ಆಮೇಲೆ ನಾಲ್ಕು ತಿಂಗಳು ಬರೀ ಬಾಯಿಯ ಆಟ. ಯಾರನ್ನು ಉಳಿಸಿಕೊಳ್ಳುವುದು, ಯಾರನ್ನು ಬಿಡುವುದು, ಯಾವ ತೋಟಕ್ಕೆ ಏನು ಕೊಟ್ಟು ಯಾರನ್ನು ತರುವುದು. ವಿದೇಶದ ಕ್ಲಬ್ಬುಗಳು ಆಟಗಾರರನ್ನು ಅದಲುಬದಲು ಮಾಡುವ ಸುದ್ದಿ ಪೇಪರಿನಲ್ಲಿ ಬಂದರೆ ಮೇಸ್ತ್ರಿ ನನ್ನಿಂದ ಎರಡೆರಡು ಸಲ ಓದಿಸಿ, "ನಾವೂ ಹಿಂಗೇ ಮಾಡ್ಬೇಕು ರೈಟ್ರೇ" ಎನ್ನುತ್ತಿದ್ದರು.

ನನ್ನ ಮೀಟಿಂಗ್ ಪುಸ್ತಕದಲ್ಲಿ ಪ್ರತಿ ಮಳೆಗಾಲದ ಮೊದಲ ವಿಷಯ ಒಂದೇ: "ಗೋಲ್‌ಕೀಪರ್ ಬದಲಾವಣೆ." ತೀರ್ಮಾನವೂ ಒಂದೇ: "ಮುಂದಿನ ವರ್ಷ ನೋಡುವುದು."

೧. ಬೀಳದ ಮನುಷ್ಯ

ನಮ್ಮ ಗೋಲ್‌ಕೀಪರನ್ನು ತೋಟದಲ್ಲೆಲ್ಲ ಗೋಲಿ ಅಂತಲೇ ಕರೆಯುತ್ತಿದ್ದರು. ಅವನ ಕೆಲಸ ಮರಗಸಿ. ಕಾಫಿ ಗಿಡಕ್ಕೆ ಬೆಳಕು ಬೀಳಲೆಂದು ಮಳೆಗೆ ಮುಂಚೆ ನೆರಳಿನ ಮರ ಹತ್ತಿ ಕೊಂಬೆ ಸವರುವುದು. ಕೆಳಗೆ ನಿಂತು ನೋಡುವವರಿಗೆ ತಲೆ ತಿರುಗುವಷ್ಟು ಎತ್ತರದಲ್ಲಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ಜಗಲಿಯ ಮೇಲೆ ಓಡಾಡಿದ ಹಾಗೆ ಓಡಾಡುತ್ತಿದ್ದ. ನೆಲದ ಮೇಲೆ ಮಾತ್ರ ಬೇರೆ ಮನುಷ್ಯ. ಎದೆಗೆ ನೇರ ಬಂದ ಚೆಂಡನ್ನು ಮಗುವಿನಂತೆ ಎತ್ತಿಕೊಳ್ಳುತ್ತಿದ್ದ. ಎರಡು ಮಾರು ಪಕ್ಕದಲ್ಲಿ ಹೋದರೆ, ನೆಂಟರನ್ನು ಬಸ್ಸು ಹತ್ತಿಸುವವನ ಹಾಗೆ ನಿಂತು ನೋಡಿ ಕಳಿಸುತ್ತಿದ್ದ.

ಒಂದು ವರ್ಷ ಕಳಸದಲ್ಲಿ ಸೆಮಿಫೈನಲ್. ಮೂರು ಚೆಂಡು ಹೀಗೇ ಹೋದವು, ನಾವೂ ಹೊರಗೆ ಹೋದೆವು. ಟ್ರ್ಯಾಕ್ಟರಿನಲ್ಲಿ ವಾಪಸ್ ಹೊರಟೆವು. ಕಡೆಗೆ ಮೇಸ್ತ್ರಿಗೆ ತಡೆಯಲಾಗಲಿಲ್ಲ.

"ಅಲ್ಲ ಮಾರಾಯ, ಒಂದು ಸಲ, ಒಂದೇ ಒಂದು ಸಲ ಚೆಂಡಿನ ಮೇಲೆ ಬೀಳೋಕಾಗಲ್ವಾ ನಿಂಗೆ?"

ಗೋಲಿಗೆ ನಿಜಕ್ಕೂ ನೋವಾಗಿತ್ತು. ಅವನು ಹೇಳಿದ, "ಮೇಸ್ತ್ರೀ, ಇಪ್ಪತ್ತು ವರ್ಷದಿಂದ ದಿನಾ ಬೆಳಗ್ಗೆ ನೀವೇ ಮರದ ಬುಡದಲ್ಲಿ ನಿಂತು 'ಬೀಳ್ಬೇಡ ಕಣೋ, ಬೀಳ್ಬೇಡ' ಅಂತೀರಿ. ಭಾನುವಾರ ಒಂದಿನ ಬೀಳು ಅಂದ್ರೆ ಹೆಂಗೆ ಬೀಳ್ಲಿ?"

೨. ಏಡಿ ಮೀಟಿಂಗ್

ಹಾಗಾದರೆ ಅವನನ್ನು ಬದಲಾಯಿಸಲು ಏನು ಅಡ್ಡಿ ಎಂದು ನೀವು ಕೇಳಬಹುದು. ಅಡ್ಡಿ ಏಡಿಯದು.

ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಅಗಲವಾದ ಜಗಲಿ ಇದ್ದದ್ದು ಗೋಲಿಯ ಮನೆಗೆ ಮಾತ್ರ. ಹಾಗಾಗಿ ತಂಡದ ಮೀಟಿಂಗ್ ಅಲ್ಲಿಯೇ. ನಾವು ನಾಲ್ಕೈದು ಜನ ಛತ್ರಿ ಮಡಿಸಿ ಕೂತ ಕೂಡಲೇ ಗೋಲಿ ಮಳೆಗೆ ಎಲೆಯ ಗೊರಬು ಹೊದ್ದುಕೊಂಡು, "ನೀವು ಮಾತಾಡ್ತಿರಿ, ಬಂದೆ" ಎಂದು ಗದ್ದೆಗೆ ಇಳಿಯುತ್ತಿದ್ದ. ನಮಗಾಗಿ ಏಡಿ ಹಿಡಿಯಲು! ಅವನು ಮಳೆಯಲ್ಲಿ ಬಗ್ಗಿ ಬಿಲಕ್ಕೆ ಕೈ ಹಾಕುತ್ತಿರುವ ಅರ್ಧ ಗಂಟೆಯಲ್ಲಿ ನಾವು ಅವನನ್ನು ತಂಡದಿಂದ ತೆಗೆಯುವ ಮಾತನ್ನು ಪಿಸುಪಿಸು ಆಡಿ ಮುಗಿಸಬೇಕು. "ಅವ್ನು ಬಂದ ತಕ್ಷಣ ನೀವೇ ಹೇಳಿಬಿಡಿ ರೈಟ್ರೇ, ನಿಮ್ಮ ಮಾತು ನಯ" ಎಂದು ಎಲ್ಲರೂ ನನ್ನ ತಲೆಗೆ ಕಟ್ಟುತ್ತಿದ್ದರು. ಒಳಗೆ ಅವನ ಹೆಂಡತಿ ಒಲೆ ಮುಂದೆ ಇರುತ್ತಿದ್ದಳು. ನಾವು ಅವಳನ್ನು ಅಕ್ಕ ಎನ್ನುತ್ತಿದ್ದೆವು. ನಮ್ಮ ಪಿಸುಮಾತು ಗೋಲಿಯ ವಿಷಯಕ್ಕೆ ಬಂದಾಗಲೆಲ್ಲ ಒಳಗೆ ಸೌಟಿನ ಸದ್ದು ನಿಂತುಬಿಡುತ್ತಿತ್ತು. ಪಾಪ, ಕೇಳಿಸಿರಬೇಕು, ಎಷ್ಟು ನೊಂದುಕೊಂಡಳೋ ಎಂದು ನನ್ನ ಜೀವ ಹಿಡಿಯಾಗುತ್ತಿತ್ತು.

ಅಷ್ಟರಲ್ಲಿ ಗೋಲಿ ಬರುತ್ತಿದ್ದ, ಮೈಯೆಲ್ಲ ನೀರು, ಬೆರಳಿಗೆ ಏಡಿ ಕಚ್ಚಿದ ಗಾಯ, ಮುಖದ ತುಂಬ ನಗು. ಹಿಂದೆಯೇ ಬಿಸಿ ಕಡುಬು, ಏಡಿ ಸಾರು, ಬೆಲ್ಲದ ಕರಿಕಾಫಿ. ಅಕ್ಕ ನನ್ನ ತಟ್ಟೆಗೆ ಮಾತ್ರ ಒಂದು ಕಡುಬು ಹೆಚ್ಚಿಗೆ ಹಾಕಿ, ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. ನನ್ನ ಗಂಡನನ್ನು ಕೈಬಿಡಬೇಡಿ ಅನ್ನುವ ಹಾಗೆ. ಅಂಥ ಕಡುಬು ಬಾಯಲ್ಲಿಟ್ಟುಕೊಂಡು ಯಾವ ಬಾಯಿಂದ ಹೇಳಲಿ?

ಒಮ್ಮೆ ಸಾವ್ಕಾರ್ರು ಮೀಟಿಂಗ್ ಪುಸ್ತಕ ತರಿಸಿ ನೋಡಿದರು. ಪುಟ ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ನನ್ನ ಕಡೆ ನೋಡಿದರು. "ಏನ್ರೀ ರೈಟ್ರೇ, ಗೋಲಿ ವಿಷಯ ಬರೆದಿರೋ ಪುಟಗಳು ಮಾತ್ರ ಏಡಿ ವಾಸನೆ ಹೊಡೀತಾವಲ್ಲ?"

೩. ಕಂಬದ ಬಳ್ಳಿ

ನಮ್ಮ ಮೊದಲ ಗೋಲ್ ಕಂಬಗಳು ಹಾಲುವಾಣದ ಮರದವು. ಹಾಲುವಾಣದ ಗೂಟ ನೆಟ್ಟರೆ ಮಳೆಗೆ ಚಿಗುರುತ್ತದೆ, ಅದು ತೋಟದವರಿಗೆಲ್ಲ ಗೊತ್ತು. ಕಂಬ ನೆಟ್ಟ ದಿನ ಮಾತ್ರ ಯಾರಿಗೂ ನೆನಪಾಗಲಿಲ್ಲ. ಮಳೆಗಾಲ ಮುಗಿಸಿ ಹೋಗಿ ನೋಡಿದರೆ, ಗದ್ದೆಯ ಏರಿ ಪಕ್ಕದ ಎರಡೂ ಕಂಬ ಸೊಂಪಾಗಿ ಎಲೆ ಬಿಟ್ಟು ನಿಂತಿವೆ. ಸಾಲದ್ದಕ್ಕೆ ಬಲಗಡೆಯ ಕಂಬಕ್ಕೆ ಯಾರೋ ಮೆಣಸಿನ ಬಳ್ಳಿ ಬೇರೆ ಹಬ್ಬಿಸಿದ್ದಾರೆ.

ಯಾರೋ ಏನು, ಗೋಲಿಯೇ. "ಕಂಬ ಸುಮ್ನೆ ನಿಂತಿತ್ತು, ದಂಡ ಆಗೋದು ಯಾಕೆ ಅಂತ" ಎಂದ.

ಆ ಬೇಸಿಗೆ ನಮ್ಮದೇ ಮೈದಾನದಲ್ಲಿ ಮೂಡಿಗೆರೆಯ ತಂಡದ ಜೊತೆ ಪಂದ್ಯ. ಕೊನೆಯ ನಿಮಿಷ, ಸಮ ಸಮ. ಅವರ ಫಾರ್ವರ್ಡ್ ಕಾಲೆತ್ತಿ ಒದ್ದ ಚೆಂಡು ಬಲಗಡೆಗೆ ಬಂತು. ನಮ್ಮ ಗೋಲಿ ಜೀವನದಲ್ಲಿ ಮೊದಲ ಸಲ ಹಾರಿದ. ನಾವೆಲ್ಲ ಎದ್ದು ನಿಂತು ಕೂಗಿದೆವು. ಹಾರಿದವನು ಹೋಗಿ ಎರಡು ಕೈಯಿಂದ ತಬ್ಬಿಕೊಂಡದ್ದು ಕಂಬವನ್ನು. ಚೆಂಡು ಅವನ ಬೆನ್ನಿಗೆ ತಾಗಿ ಒಳಗೆ ಹೋಯಿತು.

ಮೈಗೆಲ್ಲ ಹಾಲುವಾಣದ ಮುಳ್ಳು ಚುಚ್ಚಿ ರಕ್ತ. ಮೇಸ್ತ್ರಿ ಓಡಿಹೋಗಿ ಕೂಗಾಡಿದರು. ಗೋಲಿ ಬಳ್ಳಿಯ ಎಲೆ ಸರಿಮಾಡುತ್ತ ಅಂದ, "ಚೆಂಡು ಹೋದ್ರೆ ಒಂದು ಗೋಲು ಮೇಸ್ತ್ರೀ. ಬಳ್ಳಿ ಹೋದ್ರೆ ಫಸಲಿಗೆ ಮೂರು ವರ್ಷ."

ಮೇಸ್ತ್ರಿ ನ್ಯಾಯಕ್ಕೆಂದು ಸಾವ್ಕಾರ್ರ ಕಡೆ ತಿರುಗಿದರು. ಸಾವ್ಕಾರ್ರು ಎದ್ದು ಬಂದು, ಬಳ್ಳಿಯನ್ನು ಮೇಲಿಂದ ಕೆಳಗೆ ನೋಡಿ, "ಬುಡಕ್ಕೆ ಸ್ವಲ್ಪ ಗೊಬ್ಬರ ಹಾಕು" ಎಂದು ಗೋಲಿಯ ಬೆನ್ನು ತಟ್ಟಿ ಹೋದರು.

೪. ಇಂಬಳ ಮುರಿದ ಒಪ್ಪಂದ

ಎರಡು ಸಾವಿರ ಇಸವಿ ದಾಟಿದ ಮೇಲೆ ಮೇಸ್ತ್ರಿ ಹಟ ಹಿಡಿದರು. ಅತ್ತಿಗುಂಡಿ ಕಡೆ ಸಾವ್ಕಾರ್ರ ಭಾವನವರ ತೋಟ ಇತ್ತು. ಅಲ್ಲಿನ ಜೀಪ್ ಡ್ರೈವರ್ ಒಳ್ಳೆಯ ಗೋಲ್‌ಕೀಪರ್, ಬೆಕ್ಕಿನ ಹಾಗೆ ಹಾರುತ್ತಿದ್ದ. ಅವನನ್ನು ನಮಗೆ ಬಿಟ್ಟುಕೊಡಿ ಎಂದು ಪತ್ರ ಬರೆದೆ. ಭಾವನವರು ಬದಲಿಗೆ ಆಟಗಾರರನ್ನು ಕೇಳಲೇ ಇಲ್ಲ. "ನಿಮ್ಮ ಮರಗಸಿ ಗ್ಯಾಂಗ್ ಹತ್ತು ದಿನ ಕಳಿಸಿ, ಡ್ರೈವರನ್ನು ಕರ್ಕೊಂಡು ಹೋಗಿ" ಎಂದು ಉತ್ತರ ಬಂತು.

ಗ್ಯಾಂಗಿನಲ್ಲಿ ಗೋಲಿಯೇ ಮುಂದಾಳು. ತನ್ನ ಜಾಗಕ್ಕೆ ಬರುವವನ ಬದಲಿಗೆ ತಾನೇ ಹತ್ತು ದಿನ ಅತ್ತಿಗುಂಡಿಯ ಗಾಳಿಯಲ್ಲಿ ಮರ ಹತ್ತಿದ. ಡ್ರೈವರ್ ಫಾರ್ವರ್ಡ್ ಆಡಲು ಬರುತ್ತಾನೆ ಎಂದು ಅವನಿಗೆ ಸುಳ್ಳು ಹೇಳಿದ್ದು ನಾನು. "ಒಳ್ಳೇದಾಯ್ತು ಬಿಡಿ, ನಮಗೆ ಗೋಲು ಹೊಡೆಯೋರೇ ಇರ್ಲಿಲ್ಲ" ಎಂದು ಅವನು ಸಂತೋಷಪಟ್ಟಾಗ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆ ನಾಚಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಜೂನಿನ ಮೊದಲ ವಾರ ಡ್ರೈವರ್ ಹೆಂಡತಿಯೊಂದಿಗೆ ಮನೆ ನೋಡಲು ಬಂದ. ಆಕೆ ಒಲೆ ನೋಡಿದಳು, ನೀರಿನ ಕೊಳಾಯಿ ನೋಡಿದಳು, ಎಲ್ಲ ಒಪ್ಪಿಗೆ. ವಾಪಸ್ ಬರುವಾಗ ಕಾಲು ನೋಡಿಕೊಂಡು ಚೀರಿದಳು. ಹಿಮ್ಮಡಿಯ ಮೇಲೆ ರಕ್ತ ಕುಡಿದು ದಪ್ಪಗಾದ ಎರಡು ಇಂಬಳ, ಮಳೆಗಾಲದ ಜಿಗಣೆ. ಅವಳ ಊರಿನಲ್ಲಿ ನಮ್ಮಲ್ಲಿನಷ್ಟು ಇಂಬಳ ಇಲ್ಲ.

ಗೋಲಿ ಎಲ್ಲಿದ್ದನೋ ಓಡಿ ಬಂದ. ಸುಣ್ಣ ಹಚ್ಚಿ ಇಂಬಳ ಬಿಡಿಸಿದ. ಆಕೆ ಅಳುತ್ತಿದ್ದುದನ್ನು ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ತನಗೆ ತಿಳಿದಂತೆ ಸಮಾಧಾನ ಹೇಳಿದ:

"ಹೆದರ್ಬೇಡಮ್ಮ ತಂಗಿ, ಇದೇನೂ ಅಲ್ಲ. ಮಳೆ ಇನ್ನೂ ಸರಿಯಾಗಿ ಹಿಡಿದೇ ಇಲ್ಲ. ಜುಲೈಲಿ ನೋಡು, ಹಾಸಿಗೆಗೇ ಬರ್ತಾವೆ."

ಮಧ್ಯಾಹ್ನದ ಬಸ್ಸಿಗೆ ಗಂಡ ಹೆಂಡತಿ ಇಬ್ಬರೂ ಹೊರಟರು. ಮೀಟಿಂಗ್ ಪುಸ್ತಕದಲ್ಲಿ ನಾನು ಬರೆದೆ: "ಇಂಬಳದ ಕಾರಣ ಒಪ್ಪಂದ ರದ್ದು. ಮರಗಸಿ ಮಾತ್ರ ಚೆನ್ನಾಗಿ ಆಗಿದೆ ಎಂದು ಅತ್ತಿಗುಂಡಿಯಿಂದ ಪತ್ರ ಬಂದಿದೆ."

೫. ಸೌಟಿನ ಸದ್ದು

ಆಮೇಲೆ ಕುದುರೆಮುಖದ ಗಣಿ ನಿಂತಿತು. ಕ್ವಾರ್ಟರ್ಸುಗಳು ಒಂದೊಂದಾಗಿ ಖಾಲಿಯಾದವು. ಅಲ್ಲಿನ ಟೌನ್‌ಶಿಪ್ ತಂಡದ ಗೋಲ್‌ಕೀಪರ್, ನಮ್ಮ ಒಂದು ಚೆಂಡನ್ನೂ ಒಳಗೆ ಬಿಡದೆ ವರ್ಷಗಟ್ಟಲೆ ಗೋಳು ಹೊಯ್ದುಕೊಂಡವನು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ನಮ್ಮ ಪಲ್ಪರ್ ಮನೆಗೇ ಮೆಕ್ಯಾನಿಕ್ ಆಗಿ ಬಂದ. ಟ್ರಂಕಿನಲ್ಲಿ ಬಟ್ಟೆಯ ಮೇಲೆ ಗ್ಲೌಸ್ ಮಡಿಸಿ ಇಟ್ಟುಕೊಂಡಿದ್ದ. "ಹನ್ನೊಂದು ಜನ ಹನ್ನೊಂದು ಊರಿಗೆ ಹೋದ್ರು ಸಾರ್" ಎಂದಷ್ಟೇ ಹೇಳಿದ. ನಮಗೆ ಅವನ ಮೇಲಿದ್ದ ಹಳೆಯ ಸಿಟ್ಟೆಲ್ಲ ಅಲ್ಲಿಗೇ ಕರಗಿತು. ಅಂಥವನನ್ನು ಮೈದಾನದ ಹೊರಗೆ ಕೂರಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ಅದು ನಮ್ಮ ಹನ್ನೊಂದನೆಯ ಮಳೆಗಾಲ. ಎಂದಿನಂತೆ ಮೀಟಿಂಗ್, ಜೊತೆಗೆ ಕುದುರೆಮುಖದವನೂ ಕೂತಿದ್ದ, ಎಂದಿನಂತೆ ಗೋಲಿ ಏಡಿಗೆ ಹೋದ. ಈ ಸಲ ಹೇಳಿಯೇ ತೀರಬೇಕೆಂದು ಹಿಂದಿನ ದಿನವೇ ಬಾಯಿಪಾಠ ಮಾಡಿಕೊಂಡಿದ್ದೆ. ಅವನು ಬಂದು ಏಡಿ ಚೀಲ ಕೆಳಗಿಟ್ಟ. ಬಗ್ಗಿ ಏಳುವಾಗ ಮೊಣಕಾಲು ಹಿಡಿದುಕೊಂಡ. ಅದನ್ನು ನೋಡಿ ಬಾಯಿಪಾಠವೆಲ್ಲ ಮರೆತುಹೋಯಿತು.

"ಅಣ್ಣಾ, ಮುಂದಿನ ಸೀಸನ್‌ಗೆ... ಗೋಲಲ್ಲಿ ಇವ್ರು ನಿಲ್ಲಲಿ ಅಂತ... ನೀನು ಬೇಜಾರು ಮಾಡ್ಕೋಬೇಡ" ಎಂದು ತೊದಲಿದೆ. ಕುದುರೆಮುಖದವನು ತಲೆ ತಗ್ಗಿಸಿದ. ಮೇಸ್ತ್ರಿ ಸುರಿಯುವ ಮಳೆಯನ್ನೇ ದಿಟ್ಟಿಸಿದರು. ಒಳಗೆ ಸೌಟಿನ ಸದ್ದು ನಿಂತಿತು.

ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ನಾನು ಕೂತಲ್ಲೇ ಸ್ವಲ್ಪ ಹಿಂದೆ ಸರಿದೆ.

"ಇಷ್ಟು ಹೇಳೋಕೆ ಹನ್ನೊಂದು ವರ್ಷ ಬೇಕಾಯ್ತಾ ರೈಟ್ರೇ? ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ ಪ್ರತಿ ಮಳೆಗಾಲ ಒಲೆ ಮುಂದೆ ಕಿವಿ ಕೊಟ್ಟು ಕೂತೆ. ಬೇಸಿಗೆಲಿ ನಮ್ಮ ಕಡೆ ಎಷ್ಟು ಮದುವೆ ಆದ್ವು, ಒಂದಕ್ಕೂ ಇವ್ರು ಜೊತೇಲಿ ಬರ್ಲಿಲ್ಲ, ಭಾನುವಾರ ಬಂದ್ರೆ ಮ್ಯಾಚು. ಇವ್ರನ್ನ ಟೀಮಿಂದ ಬಿಡಿಸ್ಲಿ ಅಂತ ತಾನೇ ನಾನು ಕಡುಬು ಮಾಡಿ ಹಾಕಿದ್ದು! ಹೊಟ್ಟೆ ತುಂಬಿದ್ರೆ ಧೈರ್ಯ ಬರುತ್ತೆ ಅಂತ ನಿಮ್ಗೆ ಒಂದು ಹೆಚ್ಚಿಗೇ ಹಾಕ್ದೆ. ನೀವು ನೋಡಿದ್ರೆ ತಿಂದು, ಕೈ ತೊಳ್ಕೊಂಡು, ಮುಂದಿನ ವರ್ಷ ನೋಡಾಣ ಅಂತ ಹೋದ್ರಿ!"

ನಾವೆಲ್ಲ ಗೋಲಿಯ ಮುಖ ನೋಡಿದೆವು. ಅವನು ಗೊರಬು ಬಿಚ್ಚಿ ಗೋಡೆಗೆ ಒರಗಿಸಿ, ನಿಧಾನಕ್ಕೆ ಕೂತ.

"ನಂಗೂ ಸಾಕಾಗಿತ್ತು ರೈಟ್ರೇ. ಆದ್ರೆ ಇಷ್ಟು ಜನ ಮಳೇಲಿ ನೆನ್ಕೊಂಡು ಬಂದು, ಅಷ್ಟು ಪ್ರೀತಿಯಿಂದ ಕೂತು ಏಡಿ ತಿಂತಿದ್ರಿ. ನಾನು ಆಟ ಬಿಡ್ತೀನಿ ಅಂದ್ರೆ ನಿಮ್ಗೆಲ್ಲ ಬೇಜಾರಾಗುತ್ತಲ್ಲ ಅಂತ ಸುಮ್ನಿದ್ದೆ."

ಮೊದಲು ನಕ್ಕವನು ಕುದುರೆಮುಖದವನು. ಆಮೇಲೆ ಎಲ್ಲರೂ. ನನಗೆ ನಗುತ್ತ ನಗುತ್ತ ಕಣ್ಣಲ್ಲಿ ನೀರೇ ಬಂತು. ಒಬ್ಬರ ಮನಸ್ಸನ್ನು ಇನ್ನೊಬ್ಬರು ನೋಯಿಸಬಾರದೆಂದು ಹನ್ನೊಂದು ವರ್ಷ ಪಂದ್ಯ ಸೋತವರು ನಾವು. ಆ ಸೋಲುಗಳ ಮೇಲೆ ನನಗೆ ಆವತ್ತು ಮೊದಲ ಸಲ ಪ್ರೀತಿ ಬಂತು.

ಮುಂದಿನ ಬೇಸಿಗೆ ಗೋಲಿ ಹೆಂಡತಿಯ ಜೊತೆ ನಾಲ್ಕು ಮದುವೆ ಊಟ ಮಾಡಿದ. ತಂಡವನ್ನೂ ಬಿಡಲಿಲ್ಲ, ಕಮಿಟಿಗೆ ಸೇರಿಸಿಕೊಂಡೆವು. ಕುದುರೆಮುಖದವನು ಆ ಸೀಸನ್ ಮೂರು ಪಂದ್ಯ ಚೆನ್ನಾಗಿ ಆಡಿ, ನಾಲ್ಕನೆಯದರಲ್ಲಿ ಐದು ಗೋಲು ಬಿಟ್ಟ. ಅವನಿಗೂ ನಲವತ್ತು ದಾಟಿತ್ತು.

ಮಳೆಗಾಲದ ಮೀಟಿಂಗ್ ಈ ಸಲ ಅವನ ಮನೆಯಲ್ಲಿ. "ನೀವು ಮಾತಾಡ್ತಿರಿ" ಎಂದು ಅವನು ಏನೋ ತರಲು ಹೊರಗೆ ಹೋದ. ಅವನ ಹೆಂಡತಿ ಘಟ್ಟದ ಕೆಳಗಿನವಳು, ನೀರುದೋಸೆ, ಕೋಳಿ ಸಾರು ತಂದಿಟ್ಟು ಒಳಗೆ ಹೋದಳು. ನಾನು ಪುಸ್ತಕ ಬಿಚ್ಚಿ, ಮೊದಲ ವಿಷಯ ಓದುವ ಮೊದಲು ಮೇಸ್ತ್ರಿಯ ಮುಖ ನೋಡಿದೆ. ಮೇಸ್ತ್ರಿ ಗೋಲಿಯ ಮುಖ ನೋಡಿದರು. ಗೋಲಿ ಐದನೆಯ ದೋಸೆ ಮಡಿಸಿ ಸಾರಿಗೆ ಅದ್ದಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ತಲೆಯಾಡಿಸಿದ.

"ಪಾಪ, ಒಳ್ಳೆ ಮನುಷ್ಯ ರೈಟ್ರೇ. ಮುಂದಿನ ವರ್ಷ ನೋಡಾಣ."

ಒಳಗೆ ಸೌಟಿನ ಸದ್ದು ನಿಂತಿತು.